ಖಾಜಾಭಾಯಿಯ ನೆಟ್ ಬಿಡಿಸಿದ್ದು

ಕೈಹಿಡಿಯುವುದು ಸುಲಭ, ಕೈಬಿಡುವುದು ಕಷ್ಟ. ಇದನ್ನು ನಾನು ಮದುವೆಯ ಬಗ್ಗೆ ಹೇಳುತ್ತಿಲ್ಲ. ಮದುವೆಯ ಬಗ್ಗೆ ಬಾಯಿಬಿಟ್ಟು ಮಾತಾಡುವಷ್ಟು ಧೈರ್ಯ ನನಗಿದ್ದಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ನಾನು ಹೇಳುತ್ತಿರುವುದು ಹಾಲಿನವರು, ಕಿರಾಣಿಯವರು, ಕ್ಷೌರದವರು, ಇಂಥವರ ವಿಷಯ. ಒಮ್ಮೆ ನಮ್ಮ ಮನೆಗೆ ಗಂಟುಬಿದ್ದವರನ್ನು ಬಿಡಿಸಿಕೊಳ್ಳುವ ವಿದ್ಯೆ ನನಗೆ ಬರುವುದಿಲ್ಲ. ನನ್ನ ಕೂದಲು ಕತ್ತರಿಸುವಾತ ಮೊದಲು ಇಲ್ಲೇ ಕಲಬುರಗಿಯ ಐವಾನ್-ಎ-ಶಾಹಿ ಬಡಾವಣೆಯಲ್ಲಿ ನಮ್ಮ ಮನೆಯ ಹಿಂದೆ ಅಂಗಡಿ ಇಟ್ಟಿದ್ದ. ಬಾಡಿಗೆ ಹೆಚ್ಚಾಯಿತೆಂದು ಊರ ಹೊರಗಿನ ಕೋಟನೂರಿಗೆ ಹೋದ. ಆತ ಹೋದರೆ ಹೋಗಲಿ ಎನ್ನಬೇಕಾದವನು ನಾನು, ಈಗ ಆಟೋ ಹಿಡಿದು ಕೋಟನೂರಿಗೆ ಹೋಗಿ ತಲೆ ಕೊಟ್ಟು ಬರುತ್ತೇನೆ. ಕ್ಷೌರಕ್ಕಿಂತ ಆಟೋದ ಖರ್ಚೇ ಜಾಸ್ತಿ. ಅದರ ಮೇಲೆ ಆತ ಎಡಗಿವಿಯ ಮೇಲೆ ಯಾವಾಗಲೂ ಸ್ವಲ್ಪ ಹೆಚ್ಚೇ ಹೆರೆಯುತ್ತಾನೆ. ಅದನ್ನೂ ಹೇಳಿಲ್ಲ. ಹೇಗೆ ಹೇಳುವುದು? ಕತ್ತಿ ಅವನ ಕೈಯಲ್ಲಿರುತ್ತದೆ.

ಇದರಲ್ಲಿ ನಾಚಿಕೆಯ ಮಾತೇನೆಂದರೆ ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಬೆಲೆ ಏರಿದರೆ ವಿವೇಕಿಯಾದ ಗ್ರಾಹಕ ಕಡಿಮೆ ಬೆಲೆಯ ಬದಲಿ ಸರಕಿನ ಕಡೆಗೆ ವಾಲುತ್ತಾನೆ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸುತ್ತೇನೆ. ಗೆರೆ ಚೆನ್ನಾಗಿಯೇ ಬರುತ್ತದೆ. ಆ ಗ್ರಾಹಕನನ್ನು ಮಾತ್ರ ನಾನು ಈವರೆಗೆ ಮುಖಾಮುಖಿ ಕಂಡಿಲ್ಲ. ನಮ್ಮ ಮನೆಯಲ್ಲಂತೂ ಆತ ವಾಸವಿಲ್ಲ.

ನಮ್ಮ ಮನೆಗೆ ಇಂಟರ್ನೆಟ್ ಕೊಡುತ್ತಿದ್ದವರು ಖಾಜಾಭಾಯಿ. ನಾವು ಮದುವೆಯಾಗಿ ಸಂಸಾರ ಹೂಡಿದ ಹೊಸದರಲ್ಲಿ ಟೀವಿಗೆ ಕೇಬಲ್ ಎಳೆದುಕೊಟ್ಟವರೂ ಅವರೇ. ಮುಂದೆ ಕಾಲ ಬದಲಾಯಿತು, ಕೇಬಲಿನ ಜಾಗದಲ್ಲಿ ಫೈಬರ್ ಬಂತು. ಖಾಜಾಭಾಯಿ ಬದಲಾಗಲಿಲ್ಲ, ಅದನ್ನೂ ಅವರೇ ತಂದರು. ಕಂಬದಿಂದ ಹೊರಟ ಅವರ ವೈರು ಪಕ್ಕದ ಮನೆಯ ಪೇರಲ ಗಿಡವನ್ನು ಬಳಸಿ ನಮ್ಮ ಮಾಳಿಗೆಗೆ ಬರುತ್ತಿತ್ತು. ಪೇರಲ ಕಾಯಿ ಬಿಟ್ಟ ಕಾಲದಲ್ಲಿ ಗಿಳಿಗಳು ಕೂತರೆ ನಮ್ಮ ನೆಟ್ ತೂಗಾಡುತ್ತಿತ್ತು. ಫೋನು ಮಾಡಿದರೆ ಅರ್ಧ ತಾಸಿನಲ್ಲಿ ಬರುತ್ತಿದ್ದರು. ಬಂದು, ವೈರಿಗೆ ಒಂದು ಗಂಟು ಹಾಕಿ, ನನ್ನ ಹೆಂಡತಿ ಸುವರ್ಣಾ ಮಾಡಿಕೊಟ್ಟ ಚಹಾ ಕುಡಿದು, "ಟೆನ್ಶನ್ ನಕ್ಕೊ ಲೇವ್ ಸರ್, ಚಿಂತಿ ಬ್ಯಾಡ, ಹೊಳ್ಳಿ ಹೋತಂದ್ರ ಹೊಳ್ಳಿ ಬರ್ತೀನಿ" ಎಂದು ಹೇಳಿ ಹೋಗುತ್ತಿದ್ದರು. ಹೊಳ್ಳಿ ಹೋಗುತ್ತಿತ್ತು. ಹೊಳ್ಳಿ ಬರುತ್ತಿದ್ದರು. ರಂಜಾನಿಗೆ ಅವರ ಮನೆಯಿಂದ ಶೀರ್ ಕುರ್ಮಾ ಬರುತ್ತಿತ್ತು, ಪಂಚಮಿಗೆ ನಮ್ಮ ಮನೆಯಿಂದ ಶೇಂಗಾ ಹೋಳಿಗೆ ಹೋಗುತ್ತಿತ್ತು. ಹೀಗೆ ಸಿಹಿ ತಿಂದ ಬಾಯಲ್ಲಿ ಬೇಡ ಎಂಬ ಮಾತು ಹೇಗೆ ಬಂದೀತು?

ಆದರೆ ಬೆಲೆ ಏರತೊಡಗಿತು. ಮೊದಲು ಒಂದಿಷ್ಟು ಏರಿತು. ತೊಗರಿಬೇಳೆಯೇ ಏರಿದೆ, ಇದೇನು ಮಹಾ ಎಂದುಕೊಂಡೆ. ಮತ್ತೆ ಏರಿತು, ಹಾಲೂ ಏರಿದೆ ಎಂದುಕೊಂಡೆ. ಮೂರನೆಯ ಸಲ ಏರಿದಾಗ ಸಮಾಧಾನಕ್ಕೆ ಹೋಲಿಸಿಕೊಳ್ಳಲು ಸಾಮಾನುಗಳೇ ಉಳಿಯಲಿಲ್ಲ. ಬೆಲೆ ಮೇಲೆ ಹೋದಂತೆಲ್ಲ ವೇಗ ಕೆಳಗೆ ಇಳಿಯಿತು. ನನಗೇನೋ ತೊಂದರೆ ಇರಲಿಲ್ಲ. ಮೊಬೈಲಿನಲ್ಲಿ ಚಕ್ರ ತಿರುಗುವುದನ್ನು ನೋಡುತ್ತ ಕೂರುವುದು ನನ್ನ ಸ್ವಭಾವಕ್ಕೆ ಒಗ್ಗಿದ ಕೆಲಸ. ತೊಂದರೆಯಾದದ್ದು ಸುವರ್ಣಾಗೆ.

ಸುವರ್ಣಾಳ ತವರು ಕಮಲಾಪುರ. ಬಸ್ಸು ಹತ್ತಿದರೆ ತಾಸಿನೊಳಗೆ ತಲುಪುವ ಊರು. ಆದರೂ ತಾಯಿ ಮಗಳಿಗೆ ದಿನಾ ಸಂಜೆ ವಿಡಿಯೋ ಕಾಲ್ ಆಗಲೇಬೇಕು. ಇಲ್ಲಿ ಮಗಳು ಎಣ್ಣೆ ಡಬ್ಬಿಗೆ ಮೊಬೈಲು ಆನಿಸಿಟ್ಟು ರೊಟ್ಟಿ ಬಡಿಯುತ್ತಾಳೆ, ಅಲ್ಲಿ ತಾಯಿ ಹಿಟ್ಟಿನ ಡಬ್ಬಿಗೆ ಆನಿಸಿಟ್ಟು ಬಡಿಯುತ್ತಾರೆ. ಎರಡೂ ಕಡೆಯ ತಾಳ ಸೇರಿ ನಮ್ಮ ಮನೆಯಲ್ಲಿ ಭಜನೆ ನಡೆದಂತೆ ಕೇಳುತ್ತದೆ. ಒಂದು ಸಂಜೆ ನಾನು ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದೆ. ಅಡುಗೆಮನೆಯಿಂದ ಸುವರ್ಣಾ ಒಮ್ಮೆಲೆ ಕೂಗಿದಳು.

"ರೀ... ಅವ್ವ ಹೋದ್ಲು!"

ಕೈಯಲ್ಲಿದ್ದ ಪೆನ್ನು ಬಿತ್ತು. ಎದ್ದು ಓಡಿದೆ. ಓಡುವಾಗಲೇ ಯಾರ್ಯಾರಿಗೆ ತಿಳಿಸಬೇಕು, ಕಮಲಾಪುರಕ್ಕೆ ಕಾರು ಮಾಡಬೇಕೋ ಬಸ್ಸಿಗೆ ಹೋಗಬೇಕೋ ಎಂದು ಮನಸ್ಸು ಲೆಕ್ಕ ಹಾಕಿತು. ಹೋಗಿ ನೋಡಿದರೆ ಸುವರ್ಣಾ ಹಿಟ್ಟಿನ ಕೈಯಲ್ಲಿ ಮೊಬೈಲು ಬಡಿಯುತ್ತಿದ್ದಳು.

"ಈಗರೆ ಮಾತಾಡಾಕತ್ತಿದ್ಲು, ಬಾಯಿ ತಗದಾಕಿ ಹಂಗೇ ನಿಂತು ಹೋದ್ಲು. ನೀವ್ಯಾಕ ನಡಗಾಕತ್ತೀರಿ?" ಎಂದಳು.

ನಾನು ಗೋಡೆ ಹಿಡಿದು ನಿಂತು ನೀರು ಕೇಳಿದೆ. ನೀರು ಕೊಟ್ಟಳು, ಜೊತೆಗೆ ತೀರ್ಪನ್ನೂ ಕೊಟ್ಟಳು. "ಇಷ್ಟ್ ರೊಕ್ಕಾ ಕೊಟ್ಟು ಅವ್ವನ ಮಾರಿ ನೆಟ್ಟಗ ಕಾಣಂಗಿಲ್ಲ. ಖಾಜಾಭಾಯಿಗ ಹೇಳಿಬಿಡ್ರಿ. ಬ್ಯಾರೆ ಕಂಪನೀದು ತರಿಸೋಣು."

ಬೇರೆ ಕಂಪನಿಗಳು ಎರಡಿದ್ದವು. ಒಂದರ ಬೋರ್ಡು ಹಳದಿ, ಇನ್ನೊಂದರದು ಹಸಿರು. ಇಬ್ಬರ ಕಡೆಯವರೂ ಎಷ್ಟೋ ದಿನದಿಂದ ಫೋನು ಮಾಡಿ ನನ್ನ ಯೋಗಕ್ಷೇಮ ವಿಚಾರಿಸುತ್ತಿದ್ದರು. ಹಳದಿಯವರದು ಖಾಜಾಭಾಯಿಯದಕ್ಕಿಂತಲೂ ದುಬಾರಿ, ಆದರೆ ನಾವು ಎಂದೂ ನೋಡದ ಹತ್ತಾರು ಆ್ಯಪುಗಳು ಪುಕ್ಕಟೆ. ಹಸಿರಿನವರದು ಅಗ್ಗ, ಆದರೆ ಅರ್ಧ ವರ್ಷದ ಹಣ ಮುಂಗಡ. ತೆರಿಗೆ ಸೇರಿದೆಯೇ ಎಂದು ಕೇಳಿದರೆ ಇಬ್ಬರ ದನಿಯೂ ಒಂದೇ ರೀತಿ ಸಣ್ಣದಾಗುತ್ತಿತ್ತು. ನಾನು ನನ್ನ ಶಾಸ್ತ್ರವನ್ನೆಲ್ಲ ಬಳಸಿ, ಗುಣಿಸಿ, ಭಾಗಿಸಿ, ಕೊನೆಗೆ ಹಸಿರೇ ಸೈ ಎಂದು ತೀರ್ಮಾನಿಸಿದೆ. ಉಳಿದದ್ದು ಒಂದೇ ಕೆಲಸ. ಖಾಜಾಭಾಯಿಗೆ ಹೇಳುವುದು.

ಫೋನು ಮಾಡಿ ಕರೆದೆ. ಬಂದರು. ಅಂದು ಯಾಕೋ ಅವರೂ ಗಂಭೀರವಾಗಿದ್ದರು. ಚಹಾ ಬಂತು. ನಾನು ಗಂಟಲು ಸರಿಮಾಡಿಕೊಂಡು, "ಖಾಜಾಭಾಯಿ, ನಿಮ್ಮ ಕೂಡ ಒಂದ್ ಮಾತು ಹೇಳೂದಿತ್ತರಿ" ಎಂದೆ.

"ಹೇಳ್ರಿ ಸರ್. ನಂದೂ ಒಂದ್ ಮಾತದ. ಮೊದಲ ನೀವು ಹೇಳ್ರಿ" ಎಂದರು.

ಅವರ ಮುಖ ನೋಡಿದೆ. ಬಿಸಿಲಲ್ಲಿ ಬಂದು ಬೆವರಿದ್ದರು. ನನ್ನ ನಾಲಿಗೆ ತಾನಾಗಿ ಹೊರಳಿತು. "ಏನಿಲ್ಲರಿ, ಬಾಗಿಲದ ಬೆಲ್ ಆಗವಲ್ದು" ಎಂದೆ. ನಿಜಕ್ಕೂ ಅದು ಕೆಟ್ಟು ಬಹಳ ದಿನವಾಗಿತ್ತು. "ಅರೆ, ಇಷ್ಟೇ ಏನ್ರಿ?" ಎಂದು ಖಾಜಾಭಾಯಿ ಪಕ್ಕನೆ ಎದ್ದು, ತಮ್ಮ ಮಾತು ಏನೆಂದು ಹೇಳದೆ, ಬೆಲ್ಲು ಬಿಚ್ಚಿ ಸರಿಮಾಡಿದರು. ದುಡ್ಡು ಕೊಡಹೋದರೆ ಕೈ ಮುಗಿದರು. ಮುಂದಿನ ವಾರ ಮತ್ತೆ ಧೈರ್ಯ ತಂದುಕೊಂಡು ಕರೆದೆ. ಅಂದು ಫ್ಯಾನು ಸರಿಯಾಯಿತು. ಮನೆಯಲ್ಲಿ ಕೆಟ್ಟ ವಸ್ತುಗಳೆಲ್ಲ ಒಂದೊಂದಾಗಿ ರಿಪೇರಿಯಾದವು. ಕೆಟ್ಟದ್ದು ನೆಟ್ ಒಂದೇ ಉಳಿಯಿತು.

ಒಂದು ಭಾನುವಾರ ಕಮಲಾಪುರಕ್ಕೆ ಹೋದೆವು. ನನ್ನ ಮಾವನವರು ಬಾಳೆಹಣ್ಣಿನ ವ್ಯಾಪಾರದವರು. ದಿನಾ ನಾಲ್ಕು ಜನರನ್ನು ಹಿಡಿದು, ನಾಲ್ಕು ಜನರನ್ನು ಬಿಟ್ಟು ಬದುಕುವವರು. ಅವರಿಗೆ ನನ್ನ ಕಷ್ಟ ಅರ್ಥವೇ ಆಗಲಿಲ್ಲ.

"ಬ್ಯಾಡಂದ್ರ ಬ್ಯಾಡ. ಇದರಾಗ ಏನದರೀ ಮಾಸ್ತರ್ರೆ? ಫೋನ್ ನಂಬರ್ ಕೊಡ್ರಿ, ಈಗೇ ನಾ ಹೇಳ್ತೀನಿ" ಎಂದು ಮೊಬೈಲು ತೆಗೆದರು.

ಒಳಗಿನಿಂದ ಅತ್ತೆ ಬಂದು ತಡೆದರು. "ನೀವು ಸುಮ್ನ ಕೂಡ್ರಿ. ಇಷ್ಟ್ ವರ್ಷ ಮನೀಗಿ ಬಂದು ಹೋದ ಮನಶ್ಯಾ. ಫೋನಿನಾಗ ಹೇಳಿದ್ರ ಹ್ಯಾಂಗ ಅನಸ್ತದ ಅವರಿಗಿ?" ಎಂದವರು ನನ್ನ ಕಡೆ ತಿರುಗಿದರು. "ನೀವೇ ಅವರ ಅಂಗಡಿಗಿ ಹೋಗ್ರಿ. ಕೂತು, ಸಮಾಧಾನಲೇ ಹೇಳ್ರಿ. ಖಾಲಿ ಕೈಲೇ ಹೋಗಬ್ಯಾಡ್ರಿ ಮತ್ತ." ಹೀಗೆಂದು ಕೆಂಪು ಬಾಳೆಹಣ್ಣಿನ ಒಂದು ದೊಡ್ಡ ಚಿಪ್ಪನ್ನು ಪೇಪರಿನಲ್ಲಿ ಸುತ್ತಿ ಕೊಟ್ಟರು.

ಕನೆಕ್ಷನ್ ಬಿಡಿಸಲು ಹಣ್ಣು ಹಿಡಿದು ಹೋದ ಗ್ರಾಹಕ ಇಡೀ ಕಲಬುರಗಿಯಲ್ಲಿ ನಾನೊಬ್ಬನೇ ಇರಬೇಕು. ಮರುದಿನ ಸಂಜೆ ಕಾಲೇಜು ಮುಗಿಸಿ ದರ್ಗಾದ ಬಳಿಯ ರೋಜಾ ಬಡಾವಣೆಗೆ ಹೋದೆ. ಹೂವಿನ ಅಂಗಡಿಗಳನ್ನು ದಾಟಿ, ಲಾಡ್ಜಿನ ಪಕ್ಕದ ಮೆಟ್ಟಿಲು ಹತ್ತಿದರೆ ಖಾಜಾಭಾಯಿಯ ಪುಟ್ಟ ಆಫೀಸು. ದಾರಿಯುದ್ದಕ್ಕೂ ಹೇಳಬೇಕಾದ ವಾಕ್ಯವನ್ನು ಬಾಯಿಪಾಠ ಮಾಡಿದ್ದೆ. ಬಾಗಿಲಲ್ಲಿ ನನ್ನನ್ನು ಕಂಡೊಡನೆ ಅವರ ಮುಖ ಬಿಳಿಚಿಕೊಂಡಿತು. ಕೈಯಲ್ಲಿನ ಹಣ್ಣು ನೋಡಿ ಇನ್ನಷ್ಟು ಬಿಳಿಚಿತು.

"ನೀವ್ಯಾಕ ಬರಾಕ ಹೋದ್ರಿ ಸರ್? ನಾನೇ ಬರಾಂವಿದ್ದೆ. ಇದೇನು, ಹಣ್ಣ್ಯಾಕ ತಂದ್ರಿ?"

"ನಮ್ಮ ಅತ್ತಿಯವರು ಕೊಟ್ಟು ಕಳಿಸ್ಯಾರ್ರಿ, ನಿಮಗಂತ" ಎಂದೆ.

ಖಾಜಾಭಾಯಿ ಹಣ್ಣನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಮೇಜಿನ ಮೇಲಿಟ್ಟು, ಕುರ್ಚಿಯಲ್ಲಿ ಕುಸಿದು ಕೂತರು. "ಸರ್, ಇನ್ನ ನನ್ನ ಕೈಲೇ ಮುಚ್ಚಿಡೂದು ಆಗಂಗಿಲ್ಲ. ಹೇಳೇ ಬಿಡ್ತೀನಿ. ನಾ ನಿಮ್ಮ ಕನೆಕ್ಷನ್ ಬಂದ್ ಮಾಡಾಂವಿದ್ದೀನಿ."

ನನಗೆ ಅರ್ಥವಾಗಲಿಲ್ಲ. ಅವರೇ ಮುಂದುವರಿಸಿದರು. "ಮ್ಯಾಲಿಂದ ನಾವು ಲೈನ್ ತಗೊಳ್ಳೂ ರೇಟೇ ಆಕಾಶಕ್ಕ ಹೋಗ್ಯಾದ. ನಿಮಗ ಮೂರ್ ಸರ್ತಿ ಏರಿಸಿದೆ, ನನ್ನ ಎದೀಗಿ ಮುಳ್ಳು ಚುಚ್ಚಿದಂಗ ಆತು. ಆದ್ರೂ ಖರ್ಚಿಗಿ ಪುರಾ ಬೀಳವಲ್ದು. ಹಳದಿ ಕಂಪನಿಯವರು ಈ ಕಡೀ ಏರಿಯಾದ ಕೆಲಸ ನನಗ ಕೊಟ್ಟಾರ. ನನ್ನ ಲೈನ್ ಬಂದ್ ಆಗ್ತದಂತ ಎಲ್ಲಾ ಗಿರಾಕಿಗೋಳಿಗೂ ಹೇಳೀನಿ. ನಿಮ್ಮನೀಗಿ ಒಂದು ಹೇಳಾಕ ಬಾಯೇ ಬರಲಿಲ್ಲ. ನೀವು ಕರದಾಗೆಲ್ಲಾ ಹೇಳಬೇಕಂತೇ ಬಂದಿದ್ದೆ. ಅಕ್ಕೋರು ಚಾ ಕೊಟ್ರು, ನೀವು ಬೆಲ್ ತೋರಿಸಿದ್ರಿ. ಹ್ಯಾಂಗ ಹೇಳಲಿ?"

ಈ ಜಾಗದಲ್ಲಿ ವಿವೇಕಿಯಾದ ಗ್ರಾಹಕ ಏನು ಮಾಡಬೇಕಿತ್ತೆಂದು ನಿಮಗೂ ಗೊತ್ತು, ನನಗೂ ಗೊತ್ತು. "ಆಗಲಿ ಖಾಜಾಭಾಯಿ, ದೇವರು ಒಳ್ಳೆಯದು ಮಾಡಲಿ" ಎಂದು ಕೈ ಕುಲುಕಿ, ಮೆಟ್ಟಿಲಿಳಿದು, ಹಸಿರಿನವರಿಗೆ ಫೋನು ಮಾಡಬೇಕಿತ್ತು. ನಾನು ಹಾಗೆ ಮಾಡಲಿಲ್ಲ. ನನಗೆ ವಿಪರೀತ ಸಿಟ್ಟು ಬಂತು. ನಮ್ಮನ್ನು ಬಿಡುವುದೇ? ಅದೂ ಇಷ್ಟು ವರ್ಷದ ಮೇಲೆ? ತಿಂಗಳಿಡೀ ನಾನು ಇವರನ್ನು ಹೇಗೆ ನೋಯಿಸದಿರಲಿ ಎಂದು ಒದ್ದಾಡಿದರೆ ಇವರು ನನ್ನ ಕೈಬಿಡಲು ಹೊರಟಿದ್ದಾರೆ!

"ಇದೇನ್ರಿ ಖಾಜಾಭಾಯಿ," ಎಂದೆ. "ಎಲ್ಲಾರಿಗೂ ಹೇಳಿ ಕಡೀಕ ನಮಗ ಹೇಳ್ತೀರೇನು? ನಾವೇನ್ ಹೊರಗಿನವರೇನು?"

ಅವರ ಕಣ್ಣಲ್ಲಿ ನೀರಾಡಿತು. "ತಪ್ಪಾತು ಸರ್. ಹೊರಗಿನವರಲ್ಲ ಅಂತೇ ಹೇಳಾಕ ಆಗಲಿಲ್ಲ."

ಕೆಳಗಿನ ಹೋಟೆಲಿನಿಂದ ಚಹಾ ಬಂತು, ಬಿಸ್ಕೀಟು ಬಂತು. ಇಬ್ಬರೂ ಬಿಸ್ಕೀಟು ಅದ್ದಿಕೊಂಡು ತಿಂದೆವು. ನಾನು ಹೇಳಲು ಬಂದ ಮಾತನ್ನು ಹೇಳಲೇ ಎಂದು ಒಮ್ಮೆ ಅನ್ನಿಸಿತು. ಆದರೆ ಇಷ್ಟು ಹೊತ್ತು ನೊಂದವನ ಪಾತ್ರದಲ್ಲಿದ್ದು, ಈಗ ಒಮ್ಮೆಲೆ ಕೆಳಗಿಳಿಯಲು ಮನಸ್ಸಾಗಲಿಲ್ಲ. ಅದರ ಬದಲು, "ಹಳದಿ ಕಂಪನೀದೇ ನಮಗೂ ಹಾಕ್ರಿ. ಆದ್ರ ನೀವೇ ಬಂದು ಹಾಕಬೇಕು, ಬ್ಯಾರೆಯವರು ಬಂದ್ರ ಗೇಟ್ ತಗ್ಯಂಗಿಲ್ಲ" ಎಂದೆ. ಎರಡರಲ್ಲಿ ದುಬಾರಿಯಾದ ಕಂಪನಿ ಯಾವುದೆಂದು ನಾನು ಮೊದಲೇ ಹೇಳಿದ್ದೇನೆ. ಹೀಗೆ, ಬೆಲೆ ಏರಿತೆಂದು ಹೊರಟವನು ಅದಕ್ಕಿಂತ ಹೆಚ್ಚಿನ ಬೆಲೆಗೆ, ನಾನಾಗಿಯೇ ಒತ್ತಾಯ ಮಾಡಿ ಒಪ್ಪಿಸಿಕೊಂಡು ಬಂದೆ.

ಮನೆಗೆ ಬಂದಾಗ ಸುವರ್ಣಾ ಬಾಗಿಲಲ್ಲೇ ಕೇಳಿದಳು. "ಏನಂದ್ರು? ಭಾಳ ನೊಂದ್ಕೊಂಡ್ರೇನು?"

"ನೊಂದ್ಕೊಂಡಾಂವ ನಾನು" ಎಂದು ನಡೆದದ್ದನ್ನೆಲ್ಲ ಹೇಳಿದೆ. ರೇಟನ್ನೂ ಹೇಳಿದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ದುಃಖವೆಂದುಕೊಂಡೆ, ನಗುತ್ತಿದ್ದಳು. "ಇಬ್ರೂ ಕೂಡಿ ಒಂದೇ ತಿಂಗಳಿನಾಗ ನನ್ನ ಎರಡ್ ತಿಂಗಳ ಚಾಪುಡಿ ಖಾಲಿ ಮಾಡಿದ್ರಿ. ಒಬ್ಬರರೆ ಬಾಯಿ ಬಿಟ್ಟಿದ್ರ ನನಗ ಅಷ್ಟರೆ ಉಳೀತಿತ್ತು."

ಎರಡು ದಿನದಲ್ಲಿ ಖಾಜಾಭಾಯಿ ಹಳದಿ ಅಂಗಿ ತೊಟ್ಟು ಬಂದರು. ಆ ಅಂಗಿಯಲ್ಲಿ ಅವರನ್ನು ನೋಡಿ, ಶಾಲೆಗೆ ಹೊಸದಾಗಿ ಸೇರಿದ ಮಗುವನ್ನು ನೋಡಿದ ಹಾಗೆ ನಮಗಿಬ್ಬರಿಗೂ ಕರುಳು ಚುರುಕ್ಕೆಂದಿತು. ಹೊಸ ವೈರನ್ನು ಗಿಡ ಬಿಟ್ಟು ಗೋಡೆಗುಂಟ ತಂದು, ಹೊಸ ರೌಟರ್ ಕೂಡಿಸಿ, ಚಹಾ ಕುಡಿದು ಹೋದರು. ನೆಟ್ ಬಾಣದ ಹಾಗೆ ಓಡತೊಡಗಿತು. ಅಂದು ಸಂಜೆ ಸುವರ್ಣಾ ಕಮಲಾಪುರಕ್ಕೆ ಕಾಲ್ ಮಾಡಿದಾಗ ಅತ್ತೆ ಎದುರಿಗೇ ಬಂದು ಕೂತಷ್ಟು ಸ್ಪಷ್ಟವಾಗಿ ಕಂಡರು. ಹಣೆಯ ವಿಭೂತಿಯ ಮೂರು ಗೆರೆಗಳನ್ನೂ ಬೇರೆ ಬೇರೆಯಾಗಿ ಎಣಿಸಬಹುದಿತ್ತು. ಹಣ ಕೊಟ್ಟದ್ದು ಸಾರ್ಥಕವಾಯಿತೆಂದು ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಹಿಗ್ಗುತ್ತಿದ್ದೆ.

ಅಷ್ಟರಲ್ಲಿ ಮೊಬೈಲಿನಿಂದ ಅತ್ತೆಯ ದನಿ ಕೇಳಿತು, ಅದೂ ಬಹಳ ಸ್ಪಷ್ಟವಾಗಿಯೇ. "ಸುವರ್ಣಾ, ನಿನ್ನ ಹಿಂದ ನಿಂತವರು ಅವರೇ ಅಲ್ಲೇನು? ಅಯ್ಯ, ಬನೇನು ಭುಜದ ಮ್ಯಾಲ ಅಷ್ಟು ಹರದದಲ್ಲ! ಬ್ಯಾರೆ ಬನೇನು ಇಲ್ಲೇನವ್ವ ಅವರಿಗಿ?"

ಕಲಬುರಗಿಯ ಬಿಸಿಲು ನಿಮಗೆ ಗೊತ್ತೇ ಇದೆ. ಈಗ ಸಂಜೆಯಾದರೆ ನಾನು ನನ್ನ ಸ್ವಂತ ಮನೆಯಲ್ಲಿ, ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ ತೊಟ್ಟು, ಕುತ್ತಿಗೆಯವರೆಗೆ ಗುಂಡಿ ಹಾಕಿಕೊಂಡು ಓಡಾಡುತ್ತೇನೆ. ಅತ್ತೆಯವರು ಅಳಿಯ ಸುಧಾರಿಸಿದ ಎಂದು ಖುಷಿಯಾಗಿದ್ದಾರಂತೆ.