ಗೂಬೆಗೊಂದು ಕೋಣೆ

ಇಡೀ ಫಜೀತಿಗೆ ಕಾರಣ ಒಂದು ಫ್ರಿಜ್. ಅದೂ ಸಂಘದಕ್ಕನ ಮನೆಯ ಫ್ರಿಜ್ ಅಲ್ಲ. ಯಾವುದೋ ಊರಿನ ಯಾರದೋ ಮನೆಯಲ್ಲಿ ತಳದಿಂದ ನೀರು ಸೋರುತ್ತಿದ್ದ ಫ್ರಿಜ್.

ಸಂಘದಕ್ಕ ಅಂದರೆ ಹುಡುಗಿಯರ ಸಂಘವೊಂದರಲ್ಲಿ ಕೆಲಸ ಮಾಡುವಾಕೆ. ಅವಳಿದ್ದ ಕಟ್ಟಡದಲ್ಲಿ ಅವಳ ಸ್ವಂತ ಹೆಸರು ಅಂಚೆಯವನಿಗೂ ಮರೆತುಹೋಗಿತ್ತು. ರೋಗ ಬರುವ ಮೊದಲು ಸಂಜೆಯಾದರೆ ಸಾಕು, ಶಾಲೆ ಕಾಲೇಜು ಮುಗಿಸಿದ ಹುಡುಗಿಯರು ಸಂಘದ ಹಾಲ್‌ಗೆ ಗೂಡಿಗೆ ಬಂದ ಹಕ್ಕಿಗಳ ಹಾಗೆ ನುಗ್ಗುತ್ತಿದ್ದರು. ಅಲ್ಲಿ ಕೇರಂ ಬೋರ್ಡಿತ್ತು, ಹೊಲಿಗೆ ಮಿಷನ್ನಿತ್ತು, ಮೂಲೆಯಲ್ಲೊಂದು ಹರಿದ ಸೋಫಾ ಇತ್ತು. ಮನೆಯಲ್ಲಿ ಆಡಲಾಗದ ಮಾತನ್ನೆಲ್ಲ ಆ ಸೋಫಾದ ಮೇಲೆ ಕೂತು ಸಂಘದಕ್ಕನ ಕಿವಿಗೆ ಸುರಿದು, ಹಗುರಾಗಿ ಎದ್ದುಹೋಗುತ್ತಿದ್ದರು. ರೋಗ ಬಂತು, ಹಾಲ್‌ಗೆ ಬೀಗ ಬಿತ್ತು. ಹುಡುಗಿಯರು ಬೆಂಕಿಪೊಟ್ಟಣದೊಳಗಿನ ಕಡ್ಡಿಗಳ ಹಾಗೆ ಮನೆಮಂದಿಯ ಜೊತೆ ಒತ್ತಿಕೊಂಡು ಕೂತರು. ಯಾವ ಕಡ್ಡಿ ಯಾವಾಗ ಹೊತ್ತಿಕೊಳ್ಳುತ್ತದೋ ಹೇಳುವಂತಿರಲಿಲ್ಲ.

ಸಂಘವೇನೂ ಕೈಕಟ್ಟಿ ಕೂರಲಿಲ್ಲ. ಕಾದಂಬರಿಗಳನ್ನು ಚೀಲದಲ್ಲಿ ತುಂಬಿ ಮನೆಮನೆಯ ಬಾಗಿಲಿಗೆ ತೂಗುಹಾಕಿತು. ಕುಣಿತದ ಕ್ಲಾಸನ್ನು ವಿಡಿಯೋಗೆ ಇಳಿಸಿತು. ಆದರೆ ಆ ಸೋಫಾವನ್ನು ಫೋನಿನೊಳಗೆ ತುರುಕುವುದು ಹೇಗೆ? ಅದಕ್ಕೆಂದೇ ‘ಮನದ ಮಾತಿನ ಗಂಟೆ’ ಹುಟ್ಟಿತು. ವಾರಕ್ಕೊಮ್ಮೆ ಎಲ್ಲರೂ ಫೋನಿನಲ್ಲಿ ಸೇರುವುದು. ಮುಖ ತೋರಿಸುವಂತಿಲ್ಲ, ಹೆಸರು ಹೇಳುವಂತಿಲ್ಲ, ಒಬ್ಬೊಬ್ಬರಿಗೂ ಒಂದೊಂದು ಹಕ್ಕಿಯ ಹೆಸರು. ಶುರುವಿಗೆ ಎಲ್ಲರದೂ ಒಂದೇ ಆಣೆ: “ಇಲ್ಲಿ ಆಡಿದ್ದು ಇಲ್ಲೇ ಉಳೀಬೇಕು.”

ಮೊದಲ ವಾರ ಕೊಕ್ಕರೆ ಎಂಬ ಹುಡುಗಿ ಬಿಕ್ಕುತ್ತ, “ಅಕ್ಕಾ, ನನ್ನೊಳಗೆ ಏನೋ ಒಡೆದುಹೋಗಿದೆ ಅನ್ಸತ್ತೆ,” ಎಂದಳು. ಎಲ್ಲರೂ ಉಸಿರು ಬಿಗಿಹಿಡಿದರು. ಆಗ ಸಂಘದಕ್ಕನ ಫೋನಿನಿಂದ ಒಂದು ಗಂಡುದನಿ ಗುಡುಗಿತು: “ಎಲ್ಲಿಂದ ಸೋರ್ತಿದೆ ನೋಡಿದ್ರಾ? ಸದ್ಯಕ್ಕೆ ಕೆಳಗೊಂದು ತಟ್ಟೆ ಇಡಿ!”

ಅದು ಸಂಘದಕ್ಕನ ಗಂಡ. ಫ್ರಿಜ್ ಕಂಪನಿಗೆ ಬರುವ ದೂರು ಕೇಳುವುದು ಅವನ ಕೆಲಸ. ಆಫೀಸು ಮುಚ್ಚಿದ ಮೇಲೆ ಮನೆಯ ಒಂದೇ ಒಂದು ಕೋಣೆಯಲ್ಲಿ ಕಿವಿಗೆ ಹೆಡ್‌ಫೋನ್ ಏರಿಸಿ, ಲೋಕದ ಫ್ರಿಜ್‌ಗಳನ್ನೆಲ್ಲ ಸಂತೈಸುತ್ತಿದ್ದ. ಫೋನಿನಲ್ಲಿ ಮಾತಾಡಿದರೆ ಆಚೆ ಊರಿಗೆ ಗಾಳಿಯಲ್ಲೇ ಕೇಳಿಸಬೇಕು ಎಂಬ ನಂಬಿಕೆ ಅವನದು.

ಕೊಕ್ಕರೆ ಹಾರಿಹೋದಳು. ಉಳಿದವರು ಖಡಾಖಂಡಿತ ಹೇಳಿಬಿಟ್ಟರು: “ಅಕ್ಕಾ, ಇನ್ನೊಂದ್ಸಲ ಬೇರೆಯವರ ದನಿ ಕೇಳಿಸಿದ್ರೆ ನಾವ್ಯಾರೂ ಬರಲ್ಲ.” ಸಂಘದ ಮೇಡಂ ಕೂಡ ಫೋನ್ ಮಾಡಿದರು. “ನೋಡಮ್ಮಾ, ಹುಡುಗೀರ ನಂಬಿಕೆ ಗಾಜಿದ್ದ ಹಾಗೆ. ಈ ವಾರವೂ ಹಿಂಗಾದ್ರೆ ಈ ಗಂಟೆ ನಿಲ್ಲಿಸೋದೇ ವಾಸಿ. ಹೊಸಬರು ಬರ್ಲಿ ಅಂತ ನಾನು ಎಲ್ಲ ಕಡೆ ಡಂಗುರ ಹೊಡೆದಿದೀನಿ. ‘ಮನೇಲಿ ಮಾತು ಕೇಳೋರಿಲ್ಲದ ಹೆಣ್ಣುಮಕ್ಕಳು ಯಾರು ಬೇಕಾದ್ರೂ ಬನ್ನಿ’ ಅಂತ. ನೀನು ಮೊದಲು ಒಂದು ಬಾಗಿಲಿರೋ ಜಾಗ ಹುಡುಕು.”

ಹೀಗಾಗಿ ಎರಡನೇ ವಾರದ ಗಂಟೆಯ ದಿನ ಬೆಳಗಾದದ್ದೇ ಸಂಘದಕ್ಕ ಬಾಗಿಲು ಹುಡುಕತೊಡಗಿದಳು.

“ರೀ, ಮಧ್ಯಾಹ್ನ ಒಂದು ಗಂಟೆ ಹೊತ್ತು ಕೋಣೆ ಬಿಟ್ಟುಕೊಡ್ತೀರಾ?”

“ಬೇಸಿಗೆ ಕಣೇ. ಫ್ರಿಜ್‌ಗಳು ಸಾಲಾಗಿ ಸಾಯ್ತಿವೆ,” ಎಂದ ಗಂಡ, ಯುದ್ಧಭೂಮಿಯ ವೈದ್ಯನ ಗಾಂಭೀರ್ಯದಿಂದ.

ಮನೆಯ ಹಾಲ್‌ನಲ್ಲಿ ಅತ್ತೆ ಇದ್ದರು. ಟಿವಿ, ಮಂಚ, ಔಷಧಿ ಡಬ್ಬಿ, ಫೋನು, ಎಲ್ಲ ಅವರ ಸುತ್ತಲೇ. “ಲೇ, ಒಂದು ಮಾತು ಹೇಳ್ಬೇಕಿತ್ತು...” ಎಂದು ಶುರುಮಾಡಿದರು.

“ಆಮೇಲೆ ಅತ್ತೆ, ತಲೆಮೇಲೆ ಕೆಲಸ ಇದೆ.” ಸಂಘದಕ್ಕ ಟಿವಿಯ ಸದ್ದು ತಗ್ಗಿಸಿ ಮುಂದೆ ಹೋದಳು.

ಮಧ್ಯಾಹ್ನ ಅವಳು ಮೊದಲು ಹೊಕ್ಕಿದ್ದು ಬಚ್ಚಲುಮನೆ. ಬಕೆಟ್ ಬೋರಲು ಹಾಕಿ ಕೂತು, “ಹಲೋ ಹಕ್ಕಿಗಳೇ,” ಎಂದು ಅಭ್ಯಾಸ ಮಾಡಿ ನೋಡಿದಳು. ಅವಳ ದನಿ ನಾಲ್ಕೂ ಗೋಡೆಗೆ ಬಡಿದು, ಆಕಾಶವಾಣಿಯಾಗಿ ಕಿಟಕಿಯಿಂದ ಹೊರಬಿತ್ತು. “ಯಾವ ಹಕ್ಕಿ? ಏನಾಯ್ತು?” ಎಂದು ಮೇಲಿನ ಮನೆಯ ಬಚ್ಚಲಿಂದ ಯಾರೋ ಕೇಳಿದರು.

ಅಲ್ಲಿಂದ ಎದ್ದು ತಾರಸಿಗೆ ಓಡಿದಳು. ಅಲ್ಲಿ ಎದುರುಮನೆಯ ಟೈಲರಮ್ಮ ತಾನು ಹೊಲಿದ ಮಾಸ್ಕ್‌ಗಳನ್ನು ಒಣಹಾಕುತ್ತಿದ್ದಳು. ಕೆಳಮನೆಯ ಮೇಷ್ಟ್ರು ನೀರಿನ ಟ್ಯಾಂಕಿಗೆ ಔಷಧಿ ಸಿಂಪಡಿಸುತ್ತಿದ್ದರು. ಮೇಷ್ಟ್ರು ನಿವೃತ್ತರಾಗಿದ್ದರೂ ಅವರೊಳಗಿನ ಹೆಡ್‌ಮಾಸ್ಟರು ನಿವೃತ್ತನಾಗಿರಲಿಲ್ಲ. ರೋಗ ಬಂದದ್ದೇ ತಡ, ಒಂದು ಸ್ಪ್ರೇ ಬಾಟಲಿ ಹಿಡಿದು ಇಡೀ ಕಟ್ಟಡದ ಆರೋಗ್ಯವನ್ನು ಹೆಗಲಿಗೇರಿಸಿಕೊಂಡಿದ್ದರು. ಅವರ ಕಣ್ಣೆದುರು ಸೀನಿದವರಿಗೆ ಬೆಂಚಿನ ಮೇಲೆ ನಿಂತಷ್ಟು ಅವಮಾನವಾಗುತ್ತಿತ್ತು.

“ಏನಮ್ಮಾ, ಫೋನ್ ಹಿಡ್ಕೊಂಡು ಒಬ್ಬಳೇ ಓಡಾಡ್ತಿದೀಯ? ಮುಖ ಕೆಂಪಗಿದೆ!”

“ಏನಿಲ್ಲ ಮೇಷ್ಟ್ರೇ, ಸ್ವಲ್ಪ ಗಾಳಿಗೆ ಬಂದೆ.”

“ಗಾಳಿ ಬೇಕು ಅಂದ್ರೆ ಉಸಿರಾಟದ ತೊಂದರೆ ಇದೆ ಅಂತಾಯ್ತು!” ಮೇಷ್ಟ್ರು ಎರಡು ಹೆಜ್ಜೆ ಹಿಂದೆ ಸರಿದು, ತಮ್ಮ ಮತ್ತು ಅವಳ ನಡುವಿನ ಗಾಳಿಗೆ ಒಂದು ಸಲ ಸ್ಪ್ರೇ ಹೊಡೆದರು.

ಗಂಟೆ ಶುರುವಾಗಲು ಇನ್ನು ಕೆಲವೇ ನಿಮಿಷ. ಸಂಘದಕ್ಕ ಮೆಟ್ಟಿಲಿಳಿದು ಬಂದಾಗ ಕಣ್ಣಿಗೆ ಬಿದ್ದದ್ದು ತಮ್ಮ ಮನೆಯ ಹಳೇ ಕಾರು. ತಿಂಗಳುಗಟ್ಟಲೆ ಓಡದೆ, ಬ್ಯಾಟರಿ ಸತ್ತು, ಬಿಸಿಲಲ್ಲಿ ಬಿಸ್ಕತ್ತಿನಂತೆ ಬೇಯುತ್ತ ನಿಂತಿತ್ತು. ಆದರೇನು, ಅದಕ್ಕೆ ನಾಲ್ಕು ಬಾಗಿಲು! ಒಂದು ಕೇಳಿದರೆ ದೇವರು ನಾಲ್ಕು ಕೊಟ್ಟ ಎಂದುಕೊಂಡು ಒಳಗೆ ನುಗ್ಗಿ, ಬಾಗಿಲೆಲ್ಲ ಭದ್ರ ಮಾಡಿದಳು. ಗಾಜನ್ನು ಬೆರಳಷ್ಟೂ ಇಳಿಸಲಿಲ್ಲ. ಇಳಿಸಿದರೆ ಹುಡುಗಿಯರ ಗುಟ್ಟು ಬೀದಿಪಾಲು.

ಗಿಣಿ ಬಂದಳು, ನವಿಲು ಬಂದಳು, ಹಾರಿಹೋಗಿದ್ದ ಕೊಕ್ಕರೆಯೂ ಅಂಜುತ್ತ ಬಂದಳು. ಸಂಘದಕ್ಕನ ಕಣ್ಣು ಅಲ್ಲೇ ತುಂಬಿತು. ಆಮೇಲೆ ಹೊಸದೊಂದು ಹೆಸರು ಮೂಡಿತು: ಗೂಬೆ.

“ಅಯ್ಯೋ, ಈ ಹೆಸರು ಯಾಕಮ್ಮಾ? ಕೋಗಿಲೆ ಖಾಲಿ ಇದೆಯಲ್ಲ!”

ಗೂಬೆ ಮಾತಾಡಲಿಲ್ಲ, ಬರೆದಳು. “ಮನೇಲಿ ಜನ ಇದಾರೆ, ಬರೀ ಟೈಪ್ ಮಾಡ್ತೀನಿ. ರಾತ್ರಿ ಎಲ್ಲರೂ ಗೊರಕೆ ಹೊಡೀವಾಗ ನಾನೊಬ್ಬಳೇ ಕಣ್ಣು ಬಿಟ್ಕೊಂಡಿರ್ತೀನಿ. ಅದಕ್ಕೇ ಗೂಬೆ.”

ಹುಡುಗಿಯರು ಹೋ ಎಂದು ನಕ್ಕರು. ಗೂಬೆ ಬರೆಯುತ್ತಲೇ ಹೋದಳು. “ಗೆಳತೀರನ್ನ ನೋಡಿ ಯಾವ ಕಾಲವಾಯ್ತೋ. ಹೊರಗೆ ಕಾಲಿಟ್ರೆ ಬೈತಾರೆ. ಫೋನ್ ಹಿಡಿದ್ರೆ ಕಣ್ಣು ಹಾಳಾಗತ್ತೆ ಅಂತಾರೆ. ಟಿವಿ ಹಾಕಿದ್ರೆ ಸೌಂಡ್ ಕಮ್ಮಿ ಮಾಡ್ತಾರೆ. ನಂದು ಅಂತ ಒಂದು ಮೂಲೆ ಇಲ್ಲ ಅಕ್ಕಾ. ಅಳ್ಬೇಕು ಅನ್ಸಿದ್ರೆ ಈರುಳ್ಳಿ ಹೆಚ್ಚೋಕೆ ಕೂತ್ಕೋತೀನಿ.”

“ನಮ್ಮನೇಲೂ ಥೇಟ್ ಇದೇ!” ಗಿಣಿ ಕಿರುಚಿದಳು. “ನಾನೂ ಈರುಳ್ಳಿ ಹೆಚ್ತೀನಿ!” ಎಂದಳು ಕೊಕ್ಕರೆ. ಕಳೆದ ವಾರದಿಂದ ಮುಚ್ಚಿದ್ದ ಅವಳ ಬಾಯಿ ತೆರೆದದ್ದೇ ತಡ, ಕಟ್ಟೆಯೊಡೆದ ಕೆರೆಯಾಯಿತು. ಒಬ್ಬಳ ಮಾತಿಗೆ ಇನ್ನೊಬ್ಬಳು ಅತ್ತಳು, ಅತ್ತವಳೇ ನಕ್ಕಳು. ಹರಿದ ಸೋಫಾ ಕಾರಿನೊಳಗೇ ಬಂದು ಕೂತಂತಿತ್ತು. ಸಂಘದಕ್ಕನ ಬೆನ್ನಿನಿಂದ ಬೆವರು, ಕಣ್ಣಿನಿಂದ ನೀರು ಒಟ್ಟೊಟ್ಟಿಗೆ ಇಳಿದವು.

“ಗೂಬೆ, ನಿನ್ನನ್ನ ಹೀಗೆ ಗೋಳುಹೊಯ್ಕೊಳ್ಳೋದು ಯಾರು? ಅಕ್ಕನಾ?”

“ಹಾಗೇ ಅಂದ್ಕೊಳ್ಳಿ,” ಎಂದು ಬರೆದಳು ಗೂಬೆ. “ಕೆಟ್ಟವಳೇನಲ್ಲ. ಹೊರಗಿನವರ ಹತ್ರ ಜೇನು, ನನ್ನ ಹತ್ರ ಬೇವು. ಅಷ್ಟೇ.”

ಇತ್ತ ಕಾರಿನ ಹೊರಗೆ ಕಥೆ ಬೇರೆಯೇ ದಾರಿ ಹಿಡಿದಿತ್ತು. ಮೇಷ್ಟ್ರು, ಅವರ ಹಿಂದೆ ಟೈಲರಮ್ಮ, ಸಂಘದಕ್ಕನ ಬೆನ್ನಿಗೇ ಇಳಿದು ಬಂದಿದ್ದರು. ಮುಚ್ಚಿದ ಗಾಜಿನಾಚೆ ಕೆಂಪು ಮುಖ, ಕೆಂಪು ಕಣ್ಣು, ಧಾರಾಕಾರ ಬೆವರು.

“ನೋಡಿದ್ಯಾ?” ಎಂದು ಟೈಲರಮ್ಮನಿಗೆ ಪಿಸುಗುಟ್ಟಿದರು. “ರೋಗ ಬಂದಿದೆ. ಮನೆಯವರಿಗೆ ಹತ್ತಬಾರದು ಅಂತ ಬಂದು ಕಾರಲ್ಲಿ ಕೂತಿದಾಳೆ. ತ್ಯಾಗಮಯಿ!”

“ಅಯ್ಯೋ ಪಾಪ! ಬಾಯಿ ಆಡಿಸ್ತಾನೇ ಇದಾಳಲ್ಲ ಮೇಷ್ಟ್ರೇ?”

“ಜ್ವರ ತಲೆಗೇರಿದೆ. ಬಡಬಡಿಸ್ತಿದಾಳೆ.”

ಟೈಲರಮ್ಮ ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ ತಂದಳು. ಮೇಷ್ಟ್ರು ಅದನ್ನು ಕಾರಿನ ಸುತ್ತ ಎಳೆದು, ಸಾಲದ್ದಕ್ಕೆ ಚಾಕ್‌ಪೀಸಿನಿಂದ ಒಂದು ಗೆರೆಯನ್ನೂ ಹಾಕಿದರು. ಬಾಲ್ಕನಿಗಳಲ್ಲಿ ತಲೆಗಳು ಮೂಡಿದವು. ಯಾರೋ ಆರೋಗ್ಯ ಇಲಾಖೆಗೆ ಫೋನ್ ಮಾಡಿದರು.

ಸಂಘದಕ್ಕನಿಗೆ ಇದಾವುದೂ ಕಾಣಲಿಲ್ಲ. ಅವಳ ರಕ್ತ ಗೂಬೆಯ ಪರವಾಗಿ ಕುದಿಯುತ್ತಿತ್ತು.

“ಕೇಳು ಗೂಬೆ!” ಎಂದು ಸ್ಟೇರಿಂಗ್ ಗುದ್ದಿದಳು. “ಹೆದರ್ಕೊಂಡು ಕೂತ್ರೆ ಯಾರೂ ತಟ್ಟೇಲಿಟ್ಟು ಕೊಡಲ್ಲ. ಮನೇಲಿ ಕೋಣೆ ಇದೆಯಲ್ಲ? ದಿನಕ್ಕೆ ಒಂದು ಗಂಟೆ ಅದು ನಿಂದು. ಈಗಲೇ ಏಳು! ಒಳಗಿರೋರನ್ನ ಆಚೆ ಕಳ್ಸಿ ಚಿಲಕ ಹಾಕ್ಕೋ! ಯಾರು ಬಂದು ಬಾಗಿಲು ತಟ್ಟಿದ್ರೂ ತೆಗೀಬೇಡ. ನಾನು ನಿನ್ನ ಬೆನ್ನಿಗಿದೀನಿ!”

“ನಾವೂ ಇದೀವಿ!” ಎಂದು ಹಕ್ಕಿಗಳೆಲ್ಲ ಕೂಗಿದವು. ಗೂಬೆಯಿಂದ ಒಂದೇ ಸಾಲು ಬಂತು: “ಎದ್ದೆ ಅಕ್ಕಾ.”

ಗಂಟೆ ಮುಗಿಯಿತು. ಇಂಥದೊಂದು ಗೆಲುವು ಸಂಘದಕ್ಕನ ಬಾಳಿನಲ್ಲೇ ಬಂದಿರಲಿಲ್ಲ. ಹೊಟ್ಟೆಯೊಳಗೆ ತಂಪು, ಹೊರಗೆಲ್ಲ ಕೆಂಡ. ಬಾಗಿಲು ತೆರೆದು ಕಾಲು ಹೊರಗಿಟ್ಟಳು. ಕಾಲಿಗೆ ಹಗ್ಗ ಸಿಕ್ಕಿತು.

“ಅಲ್ಲೇ ನಿಲ್ಲು!” ಮೇಷ್ಟ್ರು ಸ್ಪ್ರೇ ಬಾಟಲಿಯನ್ನು ಪಿಸ್ತೂಲಿನಂತೆ ಹಿಡಿದರು.

ಅವರ ಪಕ್ಕದಲ್ಲಿ ಅಡಿಯಿಂದ ಮುಡಿಯವರೆಗೆ ಬಿಳಿ ಪ್ಲಾಸ್ಟಿಕ್ ತೊಟ್ಟ ಆರೋಗ್ಯ ಇಲಾಖೆಯ ನರ್ಸಮ್ಮ ನಿಂತಿದ್ದಳು. ಅವಳು ಜ್ವರ ನೋಡುವ ಯಂತ್ರವನ್ನು ಸಂಘದಕ್ಕನ ಹಣೆಗೆ ಹಿಡಿದಳು. ಬೆಂದ ಕಾರಿನೊಳಗಿಂದ ಈಗತಾನೆ ಎದ್ದುಬಂದ ಹಣೆ. ಯಂತ್ರ ಕುಯ್ಯೋ ಎಂದು ಒರಲಿತು. ಬಾಲ್ಕನಿಗಳು ಏಕಕಾಲಕ್ಕೆ “ಅಯ್ಯೋ” ಎಂದವು.

“ನಂಗೇನೂ ಆಗಿಲ್ಲಮ್ಮಾ. ಕಾರು ಬಿಸಿ ಇತ್ತು, ನಾನು ಒಳಗೆ ಕೂತು...”

“ಏನು ಮಾಡ್ತಿದ್ರಿ?”

ಸಂಘದಕ್ಕ ಬಾಯಿ ತೆರೆದಳು. ಆಣೆ ನೆನಪಾಗಿ ಮುಚ್ಚಿಕೊಂಡಳು. “ಅದನ್ನ ಹೇಳೋ ಹಾಗಿಲ್ಲ.”

“ಬಡಬಡಿಕೆ,” ಎಂದರು ಮೇಷ್ಟ್ರು ತೃಪ್ತಿಯಿಂದ.

ನರ್ಸಮ್ಮ ಮೂಗಿಗೆ ಕಡ್ಡಿ ಹಾಕಿ ಮಾದರಿ ತೆಗೆದಳು. “ನೋಡಿ, ಪರೀಕ್ಷೆ ಫಲಿತಾಂಶ ಬರೋವರೆಗೂ ನೀವು ಬೇರೆ ಇರ್ಬೇಕು. ಒಂದು ಕೋಣೆ. ಬಾಗಿಲು ಹಾಕಿರ್ಬೇಕು. ನಿಮ್ಮನ್ನ ಬಿಟ್ಟು ಯಾರೂ ಒಳಗೆ ಬರೋ ಹಾಗಿಲ್ಲ. ಸ್ವಲ್ಪ ಕಷ್ಟ ಆಗ್ಬಹುದು, ಧೈರ್ಯ ತಂದ್ಕೊಳ್ಳಿ.”

ಒಂದು ಕೋಣೆ! ಮುಚ್ಚಿದ ಬಾಗಿಲು! ಯಾರೂ ಒಳಗೆ ಬರುವಂತಿಲ್ಲ! ಸಂಘದಕ್ಕನಿಗೆ ಆ ಪ್ಲಾಸ್ಟಿಕ್ ದೇವತೆಯನ್ನು ತಬ್ಬಿಕೊಳ್ಳಬೇಕೆನಿಸಿತು. ಮುಖದ ಮೇಲೆ ಉಕ್ಕುತ್ತಿದ್ದ ನಗುವನ್ನು ಮಾಸ್ಕ್ ಏರಿಸಿ ಮುಚ್ಚಿಕೊಂಡಳು. “ಸರ್ಕಾರ ಹೇಳಿದ ಮೇಲೆ ಮಾಡಲೇಬೇಕಲ್ಲ,” ಎಂದು ನರಳುವ ದನಿಯಲ್ಲಿ ಹೇಳಿ, ಮೆಟ್ಟಿಲುಗಳನ್ನು ಜಿಂಕೆಯಂತೆ ಏರಿದಳು. “ರೋಗಿಗೆ ಇಷ್ಟು ಓಟ ಎಲ್ಲಿಂದ ಬಂತು?” ಎಂದು ಟೈಲರಮ್ಮ ಬೆರಗಾದಳು.

ಮನೆಬಾಗಿಲ ಮುಂದೆ, ಮೆಟ್ಟಿಲ ಮೇಲೆ ಗಂಡ ಕೂತಿದ್ದ. ತೊಡೆಯ ಮೇಲೆ ಲ್ಯಾಪ್‌ಟಾಪು, ಕೊರಳಲ್ಲಿ ಹೆಡ್‌ಫೋನು, ಗರ ಬಡಿದಂಥ ಮುಖ.

“ರೀ, ದೂರ ಸರೀರಿ, ನಂಗೆ ಕೋಣೆ ಕೊಡ್ಬೇಕಂತೆ, ಸರ್ಕಾರದ ಆರ್ಡರು. ನೀವ್ಯಾಕೆ ಇಲ್ಲಿ?”

“ಕೋಣೆ ಎಲ್ಲಿದೆ ಕಣೇ?” ಗಂಡ ಅಳುವಂತಾಗಿದ್ದ. “ಅಮ್ಮಂಗೆ ಏನಾಯ್ತೋ ಗೊತ್ತಿಲ್ಲ. ಇದ್ದಕ್ಕಿದ್ದ ಹಾಗೆ ಒಳಗೆ ಬಂದು, ‘ಏಳೋ ಮೇಲೆ’ ಅಂತ ರಟ್ಟೆ ಹಿಡಿದು ಎಬ್ಬಿಸಿ, ಆಚೆ ದಬ್ಬಿ ಚಿಲಕ ಹಾಕ್ಕೊಂಡ್ರು. ಒಬ್ಬರ ಫ್ರಿಜ್ ಅರ್ಧಕ್ಕೇ ನಿಂತುಹೋಯ್ತು.”

ಸಂಘದಕ್ಕನ ಬೆವರು ಒಮ್ಮೆಗೇ ತಣ್ಣಗಾಯಿತು. ಬೆಕ್ಕಿನ ಹೆಜ್ಜೆಯಿಟ್ಟು ಒಳಗೆ ಹೋಗಿ ಕೋಣೆಯ ಬಾಗಿಲು ತಟ್ಟಿದಳು.

“ಅತ್ತೆ... ಬಾಗಿಲು ತೆಗೀರಿ.”

“ತೆಗೆಯಲ್ಲ,” ಎಂದಿತು ಒಳಗಿನ ದನಿ, ಬಹಳ ಆರಾಮವಾಗಿ. “ಯಾರು ತಟ್ಟಿದ್ರೂ ತೆಗೀಬೇಡ ಅಂತ ನಮ್ಮಕ್ಕ ಹೇಳಿದಾರೆ.”

“ನೀವು... ಅದು ಹುಡುಗೀರಿಗೆ ಅಲ್ವಾ ಅತ್ತೆ?”

“ಹೆಣ್ಣುಮಕ್ಕಳು ಯಾರು ಬೇಕಾದ್ರೂ ಬನ್ನಿ ಅಂದಿದ್ರು. ನಾನೇನು ಗಂಡುಮಗುವಾ?” ಮಂಚ ಕಿರ್ರೆಂದಿತು, ಯಾರೋ ಕಾಲು ನೀಡಿ ಮಲಗಿದ ಸದ್ದು. “ಹೆಚ್ಚು ಕೇಳ್ಬೇಡ ತಾಯಿ. ಅಲ್ಲಿ ಆಡಿದ್ದು ಅಲ್ಲೇ ಉಳೀಬೇಕು. ಆಣೆ ಹಾಕಿಸಿದಾರೆ.”

ಗಂಡ ಬಾಗಿಲಲ್ಲಿ ಇಣುಕಿದ. “ಏನಂತೆ ಅಮ್ಮಂಗೆ? ಯಾವ ಅಕ್ಕ? ಯಾರು ಇವರ ತಲೆಕೆಡಿಸಿದ್ದು?”

ಹೇಳೋಣವೆಂದರೆ ಆಣೆ, ಬಿಡೋಣವೆಂದರೆ ಕೋಣೆ. ಸಂಘದಕ್ಕ ಒಂದು ದಿಂಬು, ಒಂದು ನೀರಿನ ಬಾಟಲಿ ಎತ್ತಿಕೊಂಡು, ಬಂದ ದಾರಿಯಲ್ಲೇ ಇಳಿದುಹೋದಳು.

ಕೆಳಗೆ ಮೇಷ್ಟ್ರು ಹಗ್ಗ ಬಿಚ್ಚುತ್ತಿದ್ದವರು ಅವಳನ್ನು ಕಂಡು ಗಾಬರಿಯಾಗಿ ಮತ್ತೆ ಕಟ್ಟಿದರು. “ನೋಡಿದ್ಯಾ, ಮನೆಯವರ ಸಲುವಾಗಿ ಮತ್ತೆ ಬಂದ್ಲು!” ಎಂದು ಕಣ್ಣೊರೆಸಿಕೊಂಡರು. ಸಂಘದಕ್ಕ ಹಗ್ಗದಡಿ ನುಸುಳಿ, ಬಿಸಿ ಸೀಟಿನ ಮೇಲೆ ಕೂತು ಬಾಗಿಲೆಳೆದುಕೊಂಡಳು. ಮೇಡಂ ಅವರಿಂದ ಸಂದೇಶ ಬಂದಿತ್ತು: “ಭೇಷ್! ಹುಡುಗೀರು ಕುಣೀತಿದಾರೆ. ವಾರಕ್ಕೊಮ್ಮೆ ಸಾಲದಂತೆ, ದಿನಾ ಬೇಕಂತೆ. ನಾಳೆಯಿಂದಲೇ ಶುರುಮಾಡು.”

ಅದರ ಕೆಳಗೆ ಇನ್ನೊಂದು ಬಂದು ಬಿತ್ತು, ಗೂಬೆಯದು.

“ಅಕ್ಕಾ, ಕೋಣೆ ಬಹಳ ಚೆನ್ನಾಗಿದೆ. ನಾಳೆ ಕೆಳಮನೆ ಮೇಷ್ಟ್ರ ಹೆಂಡತೀನೂ ಸೇರ್ಕೋತಾರಂತೆ. ಪಾಪ, ಅವರ ಗೋಳು ನಂಗಿಂತ ದೊಡ್ಡದು. ಕೋಗಿಲೆ ಖಾಲಿ ಇದೆ ಅಂದಿದ್ರಲ್ಲ, ಅವರಿಗೆ ಕೊಡಿ.”

ಸಂಘದಕ್ಕ ಗಾಜಿನಾಚೆ ನೋಡಿದಳು. ಮೇಷ್ಟ್ರು ಎದೆಯುಬ್ಬಿಸಿ ಕಾರನ್ನು ಸುತ್ತುತ್ತ ಸ್ಪ್ರೇ ಹೊಡೆಯುತ್ತಿದ್ದರು. ಅವಳು ನಿಟ್ಟುಸಿರಿಟ್ಟು, ಹಿಂದಿನ ಸೀಟಿನ ಮೇಲಿದ್ದ ಕಸಕಡ್ಡಿಯನ್ನೆಲ್ಲ ಕೈಯಿಂದ ಗುಡಿಸಿ, ನಾಳೆಗೆ ಮೇಷ್ಟ್ರಿಗೂ ಮಲಗುವಷ್ಟು ಜಾಗ ಮಾಡಿಟ್ಟಳು.