ಮರಳುಕೋಡಿಯಲ್ಲಿ ಜಪಾನಿನ ಅನೀಮಿಯಾ

ಬೈಂದೂರು ತಾಲ್ಲೂಕಿನ ಮರಳುಕೋಡಿಯು ಕಳೆದ ಫೆಬ್ರವರಿಯಲ್ಲಿ ‘ಜಪಾನಿನ ಅನೀಮಿಯಾ ಮುಕ್ತ ಗ್ರಾಮ’ ಎಂದು ಅಧಿಕೃತವಾಗಿ ಘೋಷಣೆಯಾಯಿತು. ಅಂಥದೊಂದು ಕಾಯಿಲೆ ಭೂಮಿಯ ಮೇಲೆ ಎಲ್ಲೂ ಇಲ್ಲವೆಂಬ ಸಣ್ಣ ಅಡಚಣೆಯನ್ನು ಪಂಚಾಯಿತಿ ಲೆಕ್ಕಿಸಲಿಲ್ಲ. ಇರುವ ಕಾಯಿಲೆಯನ್ನು ಯಾರು ಬೇಕಾದರೂ ಓಡಿಸಬಹುದು. ಇಲ್ಲದ್ದನ್ನು ಓಡಿಸಲು ಮೊದಲು ರೋಗಿಗಳನ್ನು ಹುಡುಕಬೇಕು, ಅದಕ್ಕೆ ಶ್ರಮವಿದೆ.

ಎಲ್ಲ ಶುರುವಾದದ್ದು ಮೋಕ್ಷಿತಾ ಬರೆದ ಒಂದು ಅರ್ಜಿಯಿಂದ. ಮೋಕ್ಷಿತಾ ಕುಂದಾಪುರದ ಕಾಲೇಜಿನಲ್ಲಿ ಎರಡನೇ ವರ್ಷದ ಬಿ.ಕಾಂ. ಜಪಾನಿನವರು ಚಿತ್ರ ಬಿಡಿಸಿ ಬಿಡಿಸಿ ಮಾಡುವ ಅನಿಮೆ ಎಂಬ ಸಿನಿಮಾ, ಧಾರಾವಾಹಿಗಳೆಂದರೆ ಅವಳಿಗೆ ಜೀವ. ಬಸ್ಸಿನಲ್ಲಿ ನಿಂತುಕೊಂಡೇ ಎರಡು ಕಂತು ಮುಗಿಸುವವಳು. ಈ ಹುಚ್ಚು ಮಳೆಗಾಲದಲ್ಲಿ ಅವಳ ಅಮ್ಮಮ್ಮ ಸೀತುವಿಗೂ ಅಂಟಿತು. ಸೀತು ನಲವತ್ತು ವರ್ಷ ಬುಟ್ಟಿ ಹೊತ್ತು ಮೀನು ಮಾರಿದವಳು. ದೋಣಿ ಇಳಿಯದ ದಿನಗಳಲ್ಲಿ ಮೊಮ್ಮಗಳ ಪಕ್ಕ ಕೂತು ಮೊಬೈಲಿಗೆ ಇಣುಕುತ್ತಿದ್ದಳು. ಭಾಷೆ ತಿಳಿಯುತ್ತದಾ ಎಂದರೆ, “ಕಡ್ಲ್ ಬದಿಯೋರ್ ಬಯ್ಯೂದ್ ಎಲ್ಲಾ ಕಡೆ ಒಂದೇ ಹೆಣ್ಣೆ” ಎನ್ನುತ್ತಿದ್ದಳು.

ಅವಳಿಗೆ ಹಿಡಿಸಿದ್ದು ಒಂದು ಬಂದರಿನ ಹುಡುಗಿಯ ಕಥೆ. ಅಪ್ಪನ ದೋಣಿ ಹೋಗಿದೆ, ಬಂದಿಲ್ಲ. ಹುಡುಗಿ ದಿನಾ ಸಂಜೆ ಕಟ್ಟೆಯ ಮೇಲೆ ನಿಂತು ಕಾಯುತ್ತಾಳೆ. ಕೊನೆಯಲ್ಲಿ ಮಂಜಿನೊಳಗಿಂದ ಒಂದು ಚುಕ್ಕೆ ಹತ್ತಿರ ಹತ್ತಿರ ಬರುತ್ತದೆ. ಸೀತುವಿನ ಕಣ್ಣಿಗೆ ಪೊರೆ ಬಂದಿತ್ತು. ಅಂಗೈಯಗಲದ ಮೊಬೈಲಿನಲ್ಲಿ ಅವಳಿಗೆ ಕಂಡದ್ದು ಬರೀ ನೀಲಿ.

“ಅದ್ ದೋಣಿಯಾ, ಎಂತದ್?” ಎಂದು ಕೇಳಿದಳು.

ಮೋಕ್ಷಿತಾ ಹೇಳಲಿಲ್ಲ. ಅಜ್ಜನ ದೋಣಿ ಬೈಂದೂರು ದಾಟಿ ಶಿರೂರಿನ ಆಚೆ ಹೋದದ್ದು ಇಪ್ಪತ್ತೆರಡು ವರ್ಷದ ಹಿಂದೆ, ಇನ್ನೂ ಬಂದಿಲ್ಲ. ಬಾಯಲ್ಲಿ ಹೇಳಿದರೆ ಕೆಟ್ಟುಹೋಗುವಂಥ ಕೊನೆ ಅದು, ಕಣ್ಣಾರೆ ನೋಡಬೇಕು. “ದೊಡ್ಡ ಪರದೆ ಮೇಲೆ ತೋರಿಸ್ತೆ ಅಮ್ಮಮ್ಮ” ಎಂದು ಮಾತು ಕೊಟ್ಟಳು.

ದೊಡ್ಡ ಪರದೆ ಇದ್ದದ್ದು ಪಂಚಾಯಿತಿ ಸಭಾಭವನದಲ್ಲಿ. ಜೊತೆಗೊಂದು ಪ್ರೊಜೆಕ್ಟರ್. ಹಾಳಾಗಬಾರದೆಂದು ಆರು ವರ್ಷದಿಂದ ಅದನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದಿರಲಿಲ್ಲ. ‘ಜಾಗೃತಿ ಕಾರ್ಯಕ್ರಮಗಳಿಗೆ ಮಾತ್ರ ಬಳಸತಕ್ಕದ್ದು’ ಎಂದು ಪೆಟ್ಟಿಗೆಯ ಮೇಲೆ ಅಂಟಿಸಿತ್ತು.

“ಜಾಗೃತಿ ಅಂದೇಳಿ ಬರಿ ಹೆಣ್ಣೆ,” ಎಂದ ಪಂಚಾಯಿತಿಯ ಜವಾನ ಶೀನ. “ಜಾಗೃತಿ ಅಂದ್ರೆ ಮತ್ತ್ ಯಾರೂ ಎಂತದೂ ಕೇಂತಿಲ್ಲೆ.”

ಅವಳು ಬರೆದಳು: ‘ಜಪಾನಿನ ಅನಿಮೆಯ ಬಗ್ಗೆ ಜಾಗೃತಿ ಮೂಡಿಸಲು ಪ್ರೊಜೆಕ್ಟರ್ ಒದಗಿಸಬೇಕಾಗಿ ವಿನಂತಿ.’

ಷಷ್ಠೀ ವಿಭಕ್ತಿ ಕೈಕೊಟ್ಟಿತು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಭೋಜರಾಜರು ‘ಅನಿಮೆಯ’ ಎಂಬುದನ್ನು ಓದಿ, ಈಗಿನ ಮಕ್ಕಳಿಗೆ ದೀರ್ಘವೂ ಗೊತ್ತಿಲ್ಲ, ಒತ್ತೂ ಗೊತ್ತಿಲ್ಲವೆಂದು ನೊಂದು, ಕೆಂಪು ಶಾಯಿಯಲ್ಲಿ ‘ಅನೀಮಿಯಾ’ ಎಂದು ತಿದ್ದಿದರು. ಜಪಾನಿನದು ಯಾಕೆ ಎಂದು ಶೀನ ಕೇಳಿದ್ದಕ್ಕೆ, “ಜಪಾನಿನ ಮೆದುಳು ಜ್ವರ ಇಲ್ಯಾ? ಇದ್ ಅದ್ರ ತಂಗಿ” ಎಂದು ವಿವರಿಸಿ, ಮುದ್ರೆ ಒತ್ತಿ ಮೇಲಕ್ಕೆ ಕಳಿಸಿದರು.

ಸಭಾಭವನದ ಮಾಡು ಸೋರುತ್ತದೆಂದು ಬರೆದ ಪತ್ರಕ್ಕೆ ನಾಲ್ಕು ವರ್ಷವಾದರೂ ಉತ್ತರ ಬಂದಿರಲಿಲ್ಲ. ಇದಕ್ಕೆ ಒಂಬತ್ತೇ ದಿನದಲ್ಲಿ ಬಂತು. ‘ಸದರಿ ಗ್ರಾಮದಲ್ಲಿ ಜಪಾನಿನ ಅನೀಮಿಯಾ ಕಾಣಿಸಿಕೊಂಡಿರುವುದು ಗಮನಕ್ಕೆ ಬಂದಿರುತ್ತದೆ. ಅರ್ಜಿದಾರರಿಂದ ರೋಗಲಕ್ಷಣಗಳನ್ನು ಪಡೆದು, ಏಳು ದಿನದೊಳಗೆ ಕನಿಷ್ಠ ನಲವತ್ತು ರೋಗಿಗಳನ್ನು ಪತ್ತೆಹಚ್ಚತಕ್ಕದ್ದು. ರೋಗಿಗಳು ಲಭ್ಯವಿಲ್ಲದಿದ್ದಲ್ಲಿ ಸೂಕ್ತ ಕಾರಣ ನೀಡತಕ್ಕದ್ದು.’

ಭೋಜರಾಜರು ಮೋಕ್ಷಿತಾಳನ್ನು ಕರೆಸಿ ಎದುರು ಕೂರಿಸಿದರು.

“ನಿಂಗ್ ಇದ್ ಎಷ್ಟ್ ಸಮಯದಿಂದ ಇತ್ತ್?”

“ಎಂಟನೇ ಕ್ಲಾಸಿಂದ ಸಾರ್.”

“ಶುರು ಆದ್ ಮೇಲೆ ಹ್ಯಾಂಗ್ ಆತ್ತ್?”

“ನಿಲ್ಸುಕೇ ಆತಿಲ್ಲೆ ಸಾರ್. ಒಂದ್ ಅಂದೇಳಿ ಕೂಕಂಡ್ರೆ ಹನ್ನೆರ್ಡ್ ಆತ್ತ್.”

“ಕಣ್ಣ್?”

“ಕಣ್ಣೇ ಚಂದ ಸಾರ್! ಅರ್ಧ ಮುಖ ಕಣ್ಣೇ ಇರತ್ತ್.”

“ಕೂದ್ಲ್?”

“ನೀಲಿ, ಗುಲಾಬಿ. ಕೆಲವ್ರಿಗ್ ಹಸ್ರ್.”

ಭೋಜರಾಜರು ಬರೆಯುವುದು ನಿಲ್ಲಿಸಿ ಅವಳ ಜಡೆ ನೋಡಿದರು. “ನಿಂಗಿನ್ನೂ ಅಷ್ಟ್ ಆಯಿಲ್ಲೆ, ಹೆದ್ರಬೇಡ,” ಎಂದರು. “ಅಳು ಬತ್ತಾ?”

“ಕೊನೇ ಹತ್ತ್ ನಿಮಿಷ ಎಲ್ಲರಿಗೂ ಬತ್ತ್ ಸಾರ್.”

ಆಗ ಅವಳ ಕಣ್ಣು ಮೇಜಿನ ಮೇಲಿದ್ದ ಕಾಗದದ ತಲೆಬರಹಕ್ಕೆ ಬಿತ್ತು. “ಸಾರ್, ಇದ್ ಅನೀಮಿಯಾ ಅಲ್ಲ, ಅನಿಮೆ. ಸಿನಿಮಾ!”

ಭೋಜರಾಜರು ಎದ್ದು ಬಾಗಿಲು ಮುಂದಕ್ಕೆಳೆದರು. “ಮುದ್ರೆ ಬಿದ್ದ್ ಆಯ್ತಲೆ. ಈಗ ಸಿನಿಮಾ ಅಂದ್ರೆ ಸುಳ್ಳ್ ಕಾಯ್ಲೆ ಹೇಳಿದ್ದ್ ನೀನ್ ಅಂದೇಳಿ ಆತ್ತ್. ನಿಂಗ್ ಪ್ರೊಜೆಕ್ಟರ್ ಬೇಕಾ, ಬ್ಯಾಡ್ದಾ?”

ಮೋಕ್ಷಿತಾ ಅಮ್ಮಮ್ಮನ ಕಣ್ಣು ನೆನೆದು, “ಬೇಕ್ ಸಾರ್” ಎಂದಳು.

ಆರೋಗ್ಯ ಕಾರ್ಯಕರ್ತೆ ಪ್ರಭಾವತಿ ಮೂರು ದಿನ ಮನೆಮನೆ ತಿರುಗಿದರೂ ಒಬ್ಬ ರೋಗಿ ಸಿಗಲಿಲ್ಲ. ನಾಲ್ಕನೇ ದಿನ, ರೋಗಿಗಳಿಗೆ ಹೆಸರುಕಾಳು, ಬೆಲ್ಲ, ಖರ್ಜೂರದ ಚೀಲ ಕೊಡಲಾಗುವುದೆಂದು ಧ್ವನಿವರ್ಧಕದಲ್ಲಿ ಹೇಳಿಸಿದರು. ಸಂಜೆಯೊಳಗೆ ಮುನ್ನೂರ ಹನ್ನೆರಡು ಮಂದಿ ಹಾಸಿಗೆ ಹಿಡಿದರು. ಪಂಚಾಯಿತಿ ಅಧ್ಯಕ್ಷರ ಮನೆಯೊಂದರಲ್ಲೇ ಏಳು ಜನ. ಅವರಲ್ಲಿ ಒಬ್ಬರು ಮುಂಬಯಿಯ ಹೋಟೆಲಿನಲ್ಲಿದ್ದುಕೊಂಡೇ ರೋಗಿಯಾದರು. ಒಬ್ಬನಂತೂ ನಂಬಿಕೆ ಬರಲೆಂದು ಕೂದಲಿಗೆ ಬಟ್ಟೆಯ ನೀಲಿ ಹಚ್ಚಿಕೊಂಡು ಬಂದ. ಪಕ್ಕದ ಪಂಚಾಯಿತಿಯವರು, ಕಾಯಿಲೆ ಹಂಚುವಾಗ ತಮ್ಮನ್ನು ಕಡೆಗಣಿಸಲಾಗಿದೆಯೆಂದು ಮನವಿ ಸಲ್ಲಿಸಿದರು.

ಸೀತುವನ್ನು ಪ್ರಭಾವತಿ ನಿಯಮದ ಪ್ರಕಾರವೇ ಕೇಳಿದರು. “ಅಳು ಬತ್ತಾ ಅಮ್ಮ?”

“ಆ ದೋಣಿ ನೆನ್ಸಿರೆ ಬತ್ತ್.”

ಪ್ರಭಾವತಿ ‘ತೀವ್ರ’ ಎಂದು ಬರೆದುಕೊಂಡರು. ಇಡೀ ಗ್ರಾಮದಲ್ಲಿ ಸುಳ್ಳು ಹೇಳದ ರೋಗಿ ಇವಳೊಬ್ಬಳೇ.

ಎರಡು ತಿಂಗಳು ಕಬ್ಬಿಣಾಂಶದ ಮಾತ್ರೆ ಹಂಚಿದ ಮೇಲೆ ಇನ್ನೊಂದು ಆದೇಶ ಬಂತು. ‘ರೋಗಕಾರಕವನ್ನು ಸಭಾಭವನದಲ್ಲಿ ಪ್ರದರ್ಶಿಸಿ, ಅಳದೆ ಉಳಿದವರನ್ನು ಗುಣಮುಖರೆಂದು ಪರಿಗಣಿಸತಕ್ಕದ್ದು.’ ರೋಗಕಾರಕ, ಎಂದರೆ ಆ ಸಿನಿಮಾ, ಇದ್ದದ್ದು ಮೋಕ್ಷಿತಾಳ ಬಳಿ ಮಾತ್ರ. ಅವಳಿಗೆ ಆದ ಸಂತೋಷ ಹೇಳತೀರದು. ಅಂತೂ ಪ್ರೊಜೆಕ್ಟರ್ ಪೆಟ್ಟಿಗೆಯಿಂದ ಹೊರಗೆ ಬಂತು.

ಬ್ರಹ್ಮಾವರದಲ್ಲಿ ಮುದ್ರಿಸಿದ ‘ಮುಕ್ತ ಗ್ರಾಮ’ದ ಬ್ಯಾನರು ಬೆಳಿಗ್ಗೆಯೇ ಕಟ್ಟಿಯಾಗಿತ್ತು. ತಾಲ್ಲೂಕಿನಿಂದ ಅಧಿಕಾರಿಯೊಬ್ಬರು ಬಂದು ಕೂತರು. ಸೀತು ಹೊಸ ಸೀರೆಯುಟ್ಟು ಮುಂದಿನ ಸಾಲಿನಲ್ಲಿ ಕೂತಳು. ಪರದೆ ಪೂರ್ತಿ ಕಡಲಾಯಿತು. ಅವಳಿಗೆ ಹಗ್ಗ ಕಂಡಿತು, ಬಲೆ ಕಂಡಿತು. “ಬಲೆ ಗಂಟ್ ಸಮ ಹಾಕಿಲ್ಲೆ ಕಾಣ್,” ಎಂದು ಜಪಾನಿನವರ ತಪ್ಪನ್ನೂ ಹಿಡಿದಳು. ಗುಣಮುಖರಾಗಲು ಬಂದಿದ್ದ ಊರು ಕೆಮ್ಮುವುದನ್ನೂ ಮರೆತು ನೋಡಿತು. ಭೋಜರಾಜರು ಎರಡು ಬಾರಿ ಕನ್ನಡಕ ಒರೆಸಿಕೊಂಡರು.

ಹುಡುಗಿ ಕಟ್ಟೆಯ ಮೇಲೆ ಬಂದು ನಿಂತಳು. ಮಂಜು ಎದ್ದಿತು. ಅಷ್ಟರಲ್ಲಿ ತಾಲ್ಲೂಕಿನ ಅಧಿಕಾರಿಗಳು ಲಕ್ಷಣಗಳ ಪಟ್ಟಿ ನೋಡಿದರು: ‘ಕೊನೆಯ ಹತ್ತು ನಿಮಿಷ, ಎಲ್ಲರಿಗೂ ಅಳು.’ ಗಾಬರಿಯಿಂದ ಎದ್ದು, “ನಿಲ್ಸಿ, ನಿಲ್ಸಿ! ಬ್ಯಾನರ್ ಕಟ್ಟಿ ಆಗಿದೆ!” ಎಂದರು. ಶೀನ ವೈರು ಕಿತ್ತ.

“ಹ್ವಾಯ್, ಎಂತಕ್ ನಿಲ್ಸಿದ್ರಿ?” ಸೀತು ಎದ್ದು ನಿಂತಳು. “ದೋಣಿ ಬಂತಾ ಇಲ್ಯಾ?”

ಸಭೆಯೂ ಅದನ್ನೇ ಕೇಳಿತು. ಕುರ್ಚಿಗಳು ಸರಿದಾಡಿದವು. ಗದ್ದಲವಾಗುವ ಮುಂಚೆ ಭೋಜರಾಜರು ನಡಾವಳಿ ಪುಸ್ತಕ ತರಿಸಿ ತುರ್ತು ನಿರ್ಣಯ ಬರೆದು ಓದಿದರು: ‘ಸದರಿ ಚಿತ್ರದಲ್ಲಿನ ದೋಣಿಯು ಸುರಕ್ಷಿತವಾಗಿ ದಡ ಸೇರಿರುತ್ತದೆ ಎಂದು ಸಭೆಯು ಸರ್ವಾನುಮತದಿಂದ ತೀರ್ಮಾನಿಸಿತು.’

ಚಪ್ಪಾಳೆ ಬಿತ್ತು. ಯಾರೂ ಅಳಲಿಲ್ಲ. ಗ್ರಾಮ ಮುಕ್ತವಾಯಿತು.

ಚಿತ್ರದಲ್ಲಿ ದೋಣಿ ಬರುವುದಿಲ್ಲ. ಆ ಚುಕ್ಕೆ ಒಂದು ಕಡಲಹಕ್ಕಿ. ಅದು ಬಂದು ಹುಡುಗಿಯ ಪಕ್ಕದಲ್ಲೇ ಕಟ್ಟೆಯ ಮೇಲೆ ಕೂರುತ್ತದೆ, ಅವಳು ಎಷ್ಟೋ ದಿನದ ಮೇಲೆ ನಗುತ್ತಾಳೆ. ಆ ನಗುವನ್ನು ಅಮ್ಮಮ್ಮ ಒಂದು ಸಲ ನೋಡಲಿ ಎಂದೇ ಮೋಕ್ಷಿತಾ ಇಷ್ಟೆಲ್ಲ ಸಹಿಸಿದ್ದಳು. ಅವಳಿಗೆ ವಿಪರೀತ ಸಿಟ್ಟು ಬಂತು, ಹೆಚ್ಚಿನದು ತನ್ನ ಮೇಲೇ. ಅರ್ಜಿದಾರರ ಸಹಿ ಬೇಕೆಂದು ಪ್ರಭಾವತಿ ಪುಸ್ತಕ ಮುಂದಿಟ್ಟರು. ಅವಳು ಸಹಿ ಹಾಕಿದಳು.

ಸೀತು ಹೆಬ್ಬೆಟ್ಟು ಒತ್ತಿದಳು. ಆಮೇಲೆ ಹೊರಡದೆ ಅಲ್ಲೇ ನಿಂತಳು.

“ಸಾರ್, ನಮ್ಮನಿಯವ್ರ್ ದೋಣಿಗೂ ಹೀಂಗೇ ಒಂದ್ ಬರ್ದ್ ಕೊಡುಕಾತ್ತಾ? ಇಪ್ಪತ್ತೆರ್ಡ್ ವರ್ಷ ಆಯ್ತ್.”

ಯಾರೂ ನಗಲಿಲ್ಲ. ಭೋಜರಾಜರು ಅಧಿಕಾರಿಗಳ ಮುಖ ನೋಡಿದರು. ಅಧಿಕಾರಿಗಳು ಆಕ್ಷೇಪವಿಲ್ಲವೆಂಬಂತೆ ತಲೆಯಾಡಿಸಿದರು. “ಅರ್ಜಿ ಕೊಡಿ ಅಮ್ಮ,” ಎಂದರು ಭೋಜರಾಜರು.

ಅರ್ಜಿಯನ್ನು ಮೋಕ್ಷಿತಾಳೇ ಬರೆದಳು, ಪ್ರತಿ ವಿಭಕ್ತಿಯನ್ನೂ ಎರಡೆರಡು ಸಲ ನೋಡಿ. ಸ್ವೀಕೃತಿ ಚೀಟಿ ಸಿಕ್ಕಿದೆ. ದೋಣಿ ಬರುವುದು ಯಾವ ದಿನವೆಂದು ಅದರಲ್ಲಿ ನಮೂದಿಸಿಲ್ಲವಾದ್ದರಿಂದ ಸೀತು ದಿನಾ ಸಂಜೆ ಚೀಟಿಯನ್ನು ಸೆರಗಿಗೆ ಕಟ್ಟಿಕೊಂಡು ದಡಕ್ಕೆ ಹೋಗಿ ನಿಲ್ಲುತ್ತಾಳೆ. ದಾರಿಯಲ್ಲಿ ಎದುರಾದವರು, “ಎಲ್ಲಿವರಿಗ್ ಬಂತ್ ಅಮ್ಮ?” ಎಂದು ಕಾಳಜಿಯಿಂದ ಕೇಳುತ್ತಾರೆ.

“ಬೈಂದೂರ್ ದಾಟಿತ್ ಅಂಬ್ರ್,” ಎನ್ನುತ್ತಾಳೆ ಸೀತು.