ನೋವಿನ ವಯಸ್ಸು

ಕೈಗೆ ಬಂದ ಕಾಗದವನ್ನು ಓದದೆ ಸಹಿ ಹಾಕುವವರನ್ನು ಕಂಡರೆ ವೇಣುವಿಗೆ ಆಗುತ್ತಿರಲಿಲ್ಲ. ಸೇಲಂನ ನೇಕಾರರ ಸಹಕಾರ ಸಂಘದಲ್ಲಿ ಇಪ್ಪತ್ತೆರಡು ವರ್ಷ ಗುಮಾಸ್ತನಾಗಿದ್ದವನು. ಮಿಠಾಯಿ ಪೊಟ್ಟಣ ಬಿಚ್ಚಿದರೂ ಮೊದಲು ಸುತ್ತಿದ ಕಾಗದವನ್ನು ಓದಿ ಮುಗಿಸುತ್ತಿದ್ದ. (ಅಷ್ಟರಲ್ಲಿ ಹೆಂಡತಿ ರಮಾಮಣಿ ಮಿಠಾಯಿಯನ್ನು ಮುಗಿಸಿರುತ್ತಿದ್ದಳು.)

ಇಂಥವನ ಮನೆಯ ಮೇಲಿನ ಕೋಣೆಗೆ ಟಾಂಜಾನಿಯಾ ದೇಶದಿಂದ ನೀಮಾ ಎಂಬ ಹುಡುಗಿ ಬಾಡಿಗೆಗೆ ಬಂದಳು. ಊರಾಚೆಯ ಕಾಲೇಜಿನಲ್ಲಿ ಎರಡು ವರ್ಷದ ಎಂ.ಫಾರ್ಮ್ ಓದು. ಹೊರದೇಶದ ವಿದ್ಯಾರ್ಥಿಗಳು ಆರೋಗ್ಯವಿಮೆ ಮಾಡಿಸಲೇಬೇಕು ಎಂದು ಕಾಲೇಜಿನವರು ಅವಳಿಗೆ ಮೂವತ್ತೆಂಟು ಪುಟಗಳ ಪಾಲಿಸಿ ಪುಸ್ತಕವೊಂದನ್ನು ಕೊಟ್ಟಿದ್ದರು.

"ಓದಿದ್ದೀಯೇನಮ್ಮ?" ಎಂದು ವೇಣು ಕೇಳಿದ.

"ಇಲ್ಲ ಅಂಕಲ್. ಸಹಿ ಹಾಕಿದೆ."

ವೇಣು ಒಂದು ಕ್ಷಣ ಕಣ್ಣು ಮುಚ್ಚಿಕೊಂಡ. ಆಮೇಲೆ ಹನ್ನೊಂದು ಸಂಜೆ ಕೆಂಪು ಪೆನ್ಸಿಲು ಹಿಡಿದು ಆ ಮಹಾಗ್ರಂಥದ ಪಾರಾಯಣ ನಡೆಯಿತು. ಹನ್ನೆರಡನೆಯ ಸಂಜೆ ನೀಮಾಳನ್ನು ಜಗಲಿಯ ಮೇಲೆ ಕೂರಿಸಿ ಪಾಠ ಶುರು ಮಾಡಿದ. ಆಸ್ಪತ್ರೆಗೆ ಸೇರುವಾಗ ಕಾರ್ಡಿನ ಹಿಂದಿರುವ ನಂಬರಿಗೆ ಫೋನು ಮಾಡಬೇಕು. ಕಂಪನಿಯ ಪಟ್ಟಿಯಲ್ಲಿರುವ ಆಸ್ಪತ್ರೆಗೇ ಹೋಗಬೇಕು. ಪಾಲಿಸಿಗಿಂತ ಮೊದಲೇ ಇದ್ದ ಕಾಯಿಲೆಗೆ ಕಂಪನಿ ಬಿಡಿಗಾಸು ಕೊಡುವುದಿಲ್ಲ.

ಅವರೆಕಾಯಿ ಸುಲಿಯುತ್ತಿದ್ದ ರಮಾಮಣಿ ತಲೆ ಎತ್ತಿದಳು. "ನಂಗೂ ವಸಿ ಬಿಡಿಸಿ ಯೋಳಿ. ಅದೇನದು ಮೊದ್ಲೇ ಇದ್ದ ಕಾಯ್ಲೆ?"

"ನಿಂಗ್ಯಾಕೆ? ನೀನೇನು ಫಾರಿನ್ ಸ್ಟೂಡೆಂಟಾ?"

ರಮಾಮಣಿ ಮತ್ತೆ ಅವರೆಕಾಯಿಗೆ ಬಗ್ಗಿದಳು.

ಆಮೇಲಿನ ಒಂದೂವರೆ ವರ್ಷವನ್ನು ನೆನೆದರೆ ವೇಣುವಿಗೆ ಈಗಲೂ ಮನಸ್ಸು ಮೆತ್ತಗಾಗುತ್ತದೆ. ತಮಿಳು ಊರಿನ ನಡುವೆ ಆ ಮನೆಯ ಮಾತು ಕನ್ನಡ; ನೀಮಾ ರಮಾಮಣಿಯ ಕನ್ನಡವನ್ನೇ ಕಲಿತು, ಬೆಳಗಾದರೆ "ಓಗ್ಬುಟ್ಟು ಬತ್ತೀನಮ್ಮ" ಎಂದು ಕಾಲೇಜಿಗೆ ಹೊರಡುತ್ತಿದ್ದಳು. ಅವಳ ಗುಂಗುರು ಕೂದಲಿನಲ್ಲಿ ಕನಕಾಂಬರ ನಿಲ್ಲಿಸಲು ರಮಾಮಣಿ ಎಂಟು ಪಿನ್ನು ಚುಚ್ಚುತ್ತಿದ್ದಳು. ಪಕ್ಕದ ಮನೆಯ ಮಗ್ಗದ ಸದ್ದಿನ ನಡುವೆ ಇಬ್ಬರೂ ನಗುವುದು ಬೀದಿಯ ತುದಿಗೂ ಕೇಳಿಸುತ್ತಿತ್ತು. ಮಕ್ಕಳಿಲ್ಲದ ಮನೆಯಲ್ಲಿ ಅಂಥ ಸದ್ದು ಅದೇ ಮೊದಲು.

ಎರಡನೇ ವರ್ಷದ ಫೆಬ್ರವರಿಯಲ್ಲಿ, ಒಂದು ಭಾನುವಾರ, ನೀಮಾ ಹೊಟ್ಟೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಸಿದಳು. ವೇಣುವಿನ ವಿದ್ಯೆಗೆ ಪರೀಕ್ಷೆಯ ದಿನ ಬಂತು. ಆಟೋದಲ್ಲೇ ಕಂಪನಿಗೆ ಫೋನು ಮಾಡಿದ. ಪಟ್ಟಿಯಲ್ಲಿದ್ದ ಆಸ್ಪತ್ರೆಗೇ ಆಟೋ ತಿರುಗಿಸಿದ. ಕೌಂಟರಿನಲ್ಲಿ ನಿಂತು ಐದು ಫಾರಮ್ಮುಗಳನ್ನು ಒಂದು ಚಿತ್ತೂ ಇಲ್ಲದೆ ತುಂಬಿದ.

ಅದೇ ಹೊತ್ತಿಗೆ ಒಳಗೆ ಡ್ಯೂಟಿ ಡಾಕ್ಟರು ಕಲೈವಾಣಿ, ಎಷ್ಟು ದಿವಸದಿಂದ ನೋವು ಎಂದು ಕೇಳಿದರು. ನೀಮಾಗೆ ಬಾಯಿ ಬಿಡಲಾಗುತ್ತಿರಲಿಲ್ಲ. ರಮಾಮಣಿ ಮುಂದೆ ಬಂದು ಹೇಳಿದಳು, "ಮೂರು ವರ್ಷದಿಂದ, ಡಾಕ್ಟರಮ್ಮ."

ಕರುಳಿನ ಬಾಲ, ಅಂದರೆ ಅಪೆಂಡಿಕ್ಸ್, ಊದಿಕೊಂಡಿತ್ತು. ಅಂದೇ ಆಪರೇಷನ್ ಆಯಿತು, ಹುಡುಗಿ ಸುಧಾರಿಸಿಕೊಂಡಳು. ಮೂರನೇ ದಿನ ಕಂಪನಿಯಿಂದ ಕಾಗದ ಬಂತು. ಪಾಲಿಸಿಗೆ ಒಂದೂವರೆ ವರ್ಷ, ನೋವಿಗೆ ಮೂರು ವರ್ಷ. ಹಳೆಯ ಕಾಯಿಲೆ, ಆದ್ದರಿಂದ ಹಣವಿಲ್ಲ.

ನೀಮಾ ಕಾಗದ ಓದಿ ಮಡಿಸಿಟ್ಟಳು. "ಮೇ ತಿಂಗಳಿಗೆ ಊರಿನ ಟಿಕೆಟ್ಟಿಗೆ ಅಂತ ಇಟ್ಟಿದ್ದೀನಲ್ಲ ಅಂಕಲ್, ಅದನ್ನೇ ಇಲ್ಲಿ ಕಟ್ಟಿಬಿಡ್ತೀನಿ. ಊರಿಗೆ ಆಮೇಲೆ ಓಗ್ತೀನಿ." ಒಂದೂವರೆ ವರ್ಷದಿಂದ ಅವಳು ತಾಯಿಯ ಮುಖವನ್ನು ಫೋನಿನಲ್ಲಿ ಬಿಟ್ಟು ಬೇರೆಲ್ಲೂ ಕಂಡಿರಲಿಲ್ಲ.

ವೇಣು ಹೆಂಡತಿಯನ್ನು ಆಸ್ಪತ್ರೆಯ ವರಾಂಡಕ್ಕೆ ಕರೆದ. "ಶನಿವಾರ ರಾತ್ರಿ ಬಂದ ನೋವಿಗೆ ಮೂರು ವರ್ಷ ಅಂದ್ಯಲ್ಲ, ಯಾವ ಲೆಕ್ಕ ಅದು?"

"ನಿನ್ನೆಯಿಂದ ಅಂದ್ರೆ ಯಾವ ಡಾಕ್ಟ್ರು ನೋಡ್ತಾರೆ? ನಾಕು ಬಿಳೀ ಮಾತ್ರೆ ಕೊಟ್ಟು 'ಪೋಯಿಟ್ಟು ವಾಮ್ಮಾ' ಅಂತ ಬಾಗ್ಲು ತೋರಿಸ್ತಾರೆ. ನಮ್ಮವ್ವ ಕಲಿಸಿದ್ದು ಇದು."

ಅವಳ ಅವ್ವ ಮೊರಪ್ಪೂರಿನ ಪಕ್ಕದ ಹಳ್ಳಿಯವಳು. ಮಗಳಿಗೆ ಜ್ವರ ಬಂದರೆ ಖಾಲಿ ಸೀಸೆಯೊಂದನ್ನು ಸೆರಗಿನಲ್ಲಿ ಸುತ್ತಿಕೊಂಡು ಧರ್ಮಪುರಿಯ ದೊಡ್ಡಾಸ್ಪತ್ರೆಗೆ ಬಸ್ಸು ಹತ್ತುತ್ತಿದ್ದಳು. ದಾರಿಯುದ್ದಕ್ಕೂ ಪಾಠ: ಎಷ್ಟು ದಿವಸ ಅಂದರೆ ಹದಿನೈದು ಅನ್ನು. ಆಸ್ಪತ್ರೆಯ ಸಾಲಿನಲ್ಲಿ ಸೀಸೆ ಹಿಡಿದು ನಿಂತವರೆಲ್ಲರಿಗೂ ಹದಿನೈದು ದಿನದ ಜ್ವರ. ಅಲ್ಲಿನ ಮುದಿ ಡಾಕ್ಟರೂ ಬಲ್ಲವರು. ಹದಿನೈದು ಅಂದರೆ ಮೂರು ಎಂದು ಬರೆದುಕೊಂಡು, ಸೀಸೆಗೆ ಗುಲಾಬಿ ಬಣ್ಣದ ಔಷಧಿ ಹಾಕಿಸಿ, ಮಗುವಿನ ಕೆನ್ನೆ ತಟ್ಟಿ ಕಳಿಸುತ್ತಿದ್ದರು. ಸುಳ್ಳನ್ನು ಐದರಿಂದ ಭಾಗಿಸಿದರೆ ನಿಜ ಸಿಗುತ್ತದೆಂದು ಇಬ್ಬರಿಗೂ ಗೊತ್ತಿದ್ದ ಕಾಲ.

"ಈಗಿನವ್ರು ಯೋಳಿದ್ದನ್ನ ಅಂಗೇ ಕಂಪ್ಯೂಟ್ರಿಗೆ ಆಕ್ತಾರೆ" ಎಂದಳು ರಮಾಮಣಿ. "ಮೊದ್ಲೇ ಇದ್ದ ಕಾಯ್ಲೆ ಅಂದ್ರೇನು ಅಂತ ನಿಮ್ಮುನ್ನ ಅವತ್ತೇ ಕೇಳ್ದೆ."

ವೇಣು ಮನೆಗೆ ಬಂದು, ಘನಗಂಭೀರ ಇಂಗ್ಲಿಷಿನಲ್ಲಿ ಎರಡು ಪುಟದ ಮೇಲ್ಮನವಿ ಬರೆದ. ಹತ್ತು ದಿನಕ್ಕೆ ನಾಗರಾಜನ್ ಎಂಬ ತನಿಖಾಧಿಕಾರಿ ಕಂಪನಿಯ ಫೈಲು ಹಿಡಿದು ಮನೆಗೇ ಬಂದರು.

"ನೀನು ಬಾಯಿ ಬಿಡಬೇಡ, ನಾನು ನೋಡ್ಕೋತೀನಿ" ಎಂದು ವೇಣು ಹೆಂಡತಿಗೆ ಪಿಸುಗುಟ್ಟಿದ್ದ. ಆದರೆ ನಾಗರಾಜನ್ ಮೊದಲು ಕೇಳಿದ್ದು ರಮಾಮಣಿಯನ್ನೇ. ಅವಳು ಸೆರಗು ಸರಿಮಾಡಿಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: ಸುಳ್ಳು ತನ್ನದು, ಹುಡುಗಿಯದಲ್ಲ; ಕುಸಿದುಬೀಳುವ ಹಿಂದಿನ ದಿನ ಆ ಮಗು ಎರಡು ಕೊಡ ನೀರು ಹೊತ್ತು ಮೆಟ್ಟಿಲು ಹತ್ತಿತ್ತು.

ನಾಗರಾಜನ್ ಪೆನ್ನಿನಿಂದ ಗಲ್ಲ ಕೆರೆದುಕೊಂಡು ನಕ್ಕರು. "ನಮ್ಮಮ್ಮಾನೂ ಹೀಗೇ ಹೇಳಿಕೊಡ್ತಿದ್ದರು" ಎಂದರು ತಮಿಳಿನಲ್ಲಿ. ಕೆಲಸ ಮುಗಿದಂತೆಯೇ ಇತ್ತು. ಫೈಲು ಮುಚ್ಚುವ ಮುಂಚೆ, ಮಾತಿಗೆಂಬಂತೆ ವೇಣುವಿನ ಕಡೆ ತಿರುಗಿದರು. "ಸಾರ್, ನೀವು ಓದಿದವರು. ಮುಂಚೆ ಯಾವತ್ತಾದರೂ ಈ ಹುಡುಗಿಗೆ ಹೊಟ್ಟೆನೋವು ಬಂದಿತ್ತಾ?"

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ವೇಣು ಅಂಥವನಲ್ಲ. ನೀಮಾ ಬಂದ ದಿನದಿಂದ ಅವಳ ನೆಗಡಿ, ಸೀನುಗಳಿಗೆಲ್ಲ ತಾರೀಖು ಹಾಕಿ ಬರೆದಿಟ್ಟಿದ್ದ ನೋಟ್‌ಬುಕ್ಕನ್ನು ಹೆಮ್ಮೆಯಿಂದ ತಂದು ಬಿಚ್ಚಿದ. ಮೊದಲ ಪುಟದಲ್ಲೇ ಇತ್ತು: ಒಂಬತ್ತನೇ ದಿವಸ, ಹೊಟ್ಟೆನೋವು, ಒಂದು ಗಂಟೆ ಕಾಲ.

ನಾಗರಾಜನ್ ನಗು ನಿಲ್ಲಿಸಿದರು. "ಅಂದರೆ ಬಂದಾಗಲೇ ಇತ್ತು."

ನೀಮಾ ನೆಲ ನೋಡಿದಳು. ವೇಣು ನೋಟ್‌ಬುಕ್ಕನ್ನು ಮುಚ್ಚಿದ.

ಆಗ ರಮಾಮಣಿ ಎದ್ದು ನಿಂತಳು. ಅವಳ ಸಾರಿನ ಮೇಲೆ ಇಪ್ಪತ್ತಾರು ವರ್ಷದಲ್ಲಿ ಒಬ್ಬರೂ ಒಂದು ಮಾತು ಆಡಿರಲಿಲ್ಲ, ಆಡಲು ಅವಳು ಬಿಟ್ಟಿರಲಿಲ್ಲ. "ಅದು ಕಾಯ್ಲೆ ಅಲ್ಲ ಸಾರ್" ಎಂದಳು. "ಅವತ್ತು ನಾನು ಉರುಳಿ ಸಾರಿಗೆ ಕಾರ ಜಾಸ್ತಿ ಆಕಿದ್ದೆ. ನನ್ನ ಕೈ ಅಡುಗೇಲಿ ಬಂದ ಒಟ್ಟೆನೋವು."

"ಹಾಗಂತ ಬರೆದು ಕೊಡ್ತೀರಾ?"

ರಮಾಮಣಿ ಪೆನ್ನು ಕೇಳಿದಳು. ತನ್ನ ಸಾರೇ ನೋವಿಗೆ ಕಾರಣವೆಂದು ತಮಿಳಿನಲ್ಲಿ ದುಂಡಗೆ ಬರೆದು, ಓದಿ ನೋಡಿ, ಸಹಿ ಹಾಕಿದಳು. ಅವಳ ಕಣ್ಣಂಚು ಒದ್ದೆಯಾಗಿದ್ದನ್ನು ವೇಣು ಮಾತ್ರ ಕಂಡ.

ಮೂರು ವಾರಕ್ಕೆ ಹಣ ಮಂಜೂರಾಯಿತು. ಮೇ ತಿಂಗಳಲ್ಲಿ ನೀಮಾ ರಮಾಮಣಿಯನ್ನು ತಬ್ಬಿಕೊಂಡು ಅತ್ತು, ಎರಡು ಕಿಲೋ ಸಾರಿನ ಪುಡಿ ಕಟ್ಟಿಸಿಕೊಂಡು ಊರಿಗೆ ಹೊರಟಳು. ಮಾರನೇ ದಿನ ವೇಣುವಿನ ತಟ್ಟೆಗೆ ಬಿದ್ದ ಸಾರು ಅಕ್ಕಿ ತೊಳೆದ ನೀರಿನಂತಿತ್ತು.

"ಖಾರ ಎಲ್ಲಿ?"

"ನನ್ನ ಕಾರ ಒಟ್ಟೆಗೆ ಆಗಲ್ಲ ಅಂತ ಕಂಪ್ನಿ ಪೈಲಲ್ಲಿ ಐತೆ. ನಿಮ್ಮ ಬುಕ್ಕಲ್ಲೂ ಐತೆ. ನಾಳೆ ನಿಮ್ಗೆ ಏನಾರ ಆಗಿ ಆಪೀಸರು ಬಂದ್ರೆ, ನಾನು ಇನ್ನೊಂದು ಸಲ ಸಹಿ ಆಕಲ್ಲ."

ಅಂದಿನಿಂದ ಮನೆಯ ಸಾರಿನ ಬಣ್ಣ ಬದಲಾಗಲಿಲ್ಲ. ಒಂದು ಸಂಜೆ ನೀಮಾಳ ವಿಡಿಯೋ ಕಾಲು ಬಂತು. ಅವಳ ತಾಯಿ ಮೆಕ್ಕೆಜೋಳದ ಹಿಟ್ಟಿನ ಬಿಳಿ ಮುದ್ದೆಯನ್ನು ಕೆಂಪಗೆ ಹೊಳೆಯುವ ಸಾರಿನಲ್ಲಿ ಅದ್ದಿ, ಮೂಗು ಒರೆಸಿಕೊಂಡು, ಇನ್ನಷ್ಟು ಹಾಕೆಂದು ತಟ್ಟೆ ಮುಂದೆ ಹಿಡಿಯುತ್ತಿದ್ದಳು. ರಮಾಮಣಿ ಹಿಗ್ಗಿ, ಫೋನನ್ನು ಗಂಡನ ತಟ್ಟೆಯ ಮುಂದೆ ಚೊಂಬಿಗೆ ಒರಗಿಸಿಟ್ಟಳು. ವೇಣು ಮುದ್ದೆ ಮುರಿದು, ಪರದೆಯ ಮೇಲಿನ ಆ ಸಾರನ್ನು ಕಣ್ಣು ಕೀಳದೆ ನೋಡುತ್ತ, ಒಂದೊಂದೇ ತುತ್ತು ನುಂಗಿದ.